ಸೀ ಅಂದರೆ ಸಮುದ್ರ, ಹೋಮ್ ಅಂದರೆ ಮನೆ

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಪ್ಪತ್ತೆರಡು ವರ್ಷ ಕುವೈತಿನಲ್ಲಿದ್ದ ನನಗೆ ಸೂಟ್‌ಕೇಸಿಗೆ ತೂಕ ತುಂಬುವುದು ಗೊತ್ತು, ಬಟ್ಟೆ ತುಂಬುವುದು ಗೊತ್ತಿಲ್ಲ. ರಜೆಗೆ ಊರಿಗೆ ಹೋಗುವಾಗ ನಮ್ಮ ಸೂಟ್‌ಕೇಸಿನಲ್ಲಿ ಇರುತ್ತಿದ್ದದ್ದು ಅಕ್ಕನ ಮನೆಗೆ ಹಾಲಿನ ಪುಡಿ, ಭಾವನಿಗೆ ಅತ್ತರು, ಕಾಕಾನಿಗೆ ಟಾರ್ಚು, ಓಣಿಯ ಎಲ್ಲ ಮೊಣಕಾಲುಗಳಿಗೂ ನೋವಿನ ಮುಲಾಮು. ಮೂವತ್ತು ಕಿಲೋಗೆ ಮುನ್ನೂರು ಗ್ರಾಂ ಕಡಿಮೆ ಬಿದ್ದರೆ ಆ ಸಂದಿಗೆ ನನ್ನದೊಂದು ಅಂಗಿ. ತಿಂಗಳಿಡೀ ಅದೇ ಅಂಗಿಯಲ್ಲಿ ತಿರುಗಾಡುತ್ತಿದ್ದ ನನ್ನನ್ನು ಗದಗಿನ ಜನ ಎಷ್ಟು ಸಾದಾ ಮನುಷ್ಯ ಎಂದು ಹೊಗಳುತ್ತಿದ್ದರು. ನಾನು ತಡೆಯಲಿಲ್ಲ.

ಹೀಗಿರುವಾಗ ಈ ಅಕ್ಟೋಬರಿನಲ್ಲಿ ನಾವು ಕುವೈತಿಗೆ ಖಲಾಸ್ ಹೇಳಿ ಕಾಯಮ್ಮಾಗಿ ಊರಿಗೆ ಹೊರಟೆವು. ಹೆಂಡತಿ ಗಿರಿಜಾ ಒಂದೇ ಒಂದು ಷರತ್ತು ಹಾಕಿದಳು. ಇಷ್ಟು ವರ್ಷ ಸಮುದ್ರದ ಮೇಲೆ ಹಾರಿದ್ದಾಯಿತು, ಒಮ್ಮೆ ಅದನ್ನು ಹಡಗಿನಲ್ಲಿ ದಾಟಬೇಕು. ದುಬೈವರೆಗೆ ವಿಮಾನ, ಅಲ್ಲಿಂದ ಮುಂಬೈಗೆ ಪ್ರವಾಸಿ ಹಡಗು. ಕುವೈತಿನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದ ಅವಳು ನನ್ನನ್ನು ಯಾವತ್ತೂ ಏನೂ ಕೇಳಿದವಳಲ್ಲ. ಹಡಗಿನಲ್ಲಿ ಒಂದು ಸಂಜೆ ಕ್ಯಾಪ್ಟನ್ ಜೊತೆ ಊಟವಿರುತ್ತದೆ, ಎಲ್ಲರೂ ಚೆನ್ನಾಗಿ ಉಟ್ಟುತೊಟ್ಟು ಬರಬೇಕು ಎಂದು ಟಿಕೆಟ್ಟಿನ ಜೊತೆ ಕಳಿಸಿದ ಪತ್ರದಲ್ಲಿತ್ತು. ಅದನ್ನು ಓದಿದ ದಿನವೇ ಅವಳು ಇಳಕಲ್ಲಿಗೆ ಫೋನು ಮಾಡಿ ಒಂದು ರೇಷ್ಮೆ ಸೀರೆ ನೇಯಲು ಹೇಳಿದಳು. ಅವಳ ಅವ್ವ ಆ ಊರಲ್ಲಿ ಜೀವಮಾನವಿಡೀ ಬೇರೆಯವರ ಮಗ್ಗಕ್ಕೆ ನೂಲು ಸುತ್ತಿದವರು. ಒಂದು ದಿನವೂ ರೇಷ್ಮೆ ಉಡಲಿಲ್ಲ.

"ಅದನ್ನ ಉಟ್ಕೊಂಡು ಹಡಗದ ಮ್ಯಾಲ ನಿಂತು ಒಂದ್ ಫೋಟೋ ತಗಸ್ಕೋಬೇಕ್ರಿ. ಬ್ಯಾರೆ ಏನೂ ಬ್ಯಾಡ" ಎಂದಳು ಗಿರಿಜಾ.

ನನ್ನ ತಯಾರಿ ಬೇರೆಯೇ ದಾರಿ ಹಿಡಿಯಿತು. ಗದಗಿನವನಿಗೆ ಸಮುದ್ರವೆಂದರೆ ಒಳಗೊಳಗೇ ಪುಕುಪುಕು. ಶರದೃತುವಿನಲ್ಲಿ ಹಡಗಿಗೆ ಏನು ತೊಡಬೇಕು ಎಂದು ಫೋನಿನಲ್ಲಿ ಹುಡುಕಿದೆ. ಅಲ್ಲಿ ಬರೆದವರೆಲ್ಲ ಹಿಮ ಬೀಳುವ ದೇಶದವರು ಎಂಬುದು ನನಗೆ ಹೊಳೆಯಲಿಲ್ಲ. ಹೊರಗೆ ನಲವತ್ತು ಡಿಗ್ರಿ ಬಿಸಿಲಿರುವಾಗ ಸೂಕ್ ಎನ್ನುವ ಹಳೆಯ ಪೇಟೆಗೆ ಹೋಗಿ ಉಣ್ಣೆಯ ಒಳ ಅಂಗಿ, ಕೈಗವಸು, ಮಂಕಿ ಕ್ಯಾಪು ಕೇಳಿದೆ. ಅಂಗಡಿಯವನು ನನ್ನ ಹಣೆ ಮುಟ್ಟಿ ನೋಡುವುದೊಂದು ಬಾಕಿ. ವಾರದಲ್ಲಿ ನಾಲ್ಕು ಸಲ ಸೂಟ್‌ಕೇಸು ತುಂಬಿದೆ, ಐದು ಸಲ ಬಿಚ್ಚಿದೆ. ಲೆಕ್ಕ ತಾಳೆಯಾಗುವುದಿಲ್ಲವೆಂದು ನನಗೂ ಗೊತ್ತು, ಆದರೆ ಆ ವಾರ ಯಾವುದೂ ತಾಳೆಯಾಗುತ್ತಿರಲಿಲ್ಲ.

ಎಸಿ ಘಟಕಗಳನ್ನು ದುರಸ್ತಿ ಮಾಡಿ ಬದುಕಿದವನು ನಾನು. ತಂತಿಗೊಂದು ಚೀಟಿ, ಪೈಪಿಗೊಂದು ಚೀಟಿ ಅಂಟಿಸದಿದ್ದರೆ ನನಗೆ ಸಮಾಧಾನವಿಲ್ಲ. ಮನೆಯಲ್ಲೂ ಅದನ್ನೇ ಮಾಡಿದೆ. ವಿಮಾನದಲ್ಲಿ ಕೈಗೆ ಸಿಗಬೇಕಾದ ಚೀಲಕ್ಕೆ 'ಏರ್' ಎಂಬ ಚೀಟಿ. ಹಡಗಿನಲ್ಲಿ ಬೇಕಾಗುವ ಬಟ್ಟೆಯಿದ್ದ ಎರಡು ನೀಲಿ ಸೂಟ್‌ಕೇಸಿಗೆ, ಅಂದರೆ ನನ್ನದೊಂದು ಅವಳದೊಂದಕ್ಕೆ, 'ಸೀ'. ಕಾರ್ಗೋದವರು ನೇರ ಊರಿಗೆ ಒಯ್ಯಬೇಕಾದ ಎಂಟು ರಟ್ಟಿನ ಪೆಟ್ಟಿಗೆಗಳಿಗೆ 'ಹೋಮ್'. ಕೆಲಸ ಮುಗಿಸಿ ದೂರ ನಿಂತು ನೋಡಿದೆ. ಇಷ್ಟು ಅಚ್ಚುಕಟ್ಟಾಗಿ ಕುವೈತ್ ಬಿಟ್ಟವರು ಯಾರಿದ್ದಾರೆ ಎನಿಸಿತು.

ಹೊರಡುವ ಹಿಂದಿನ ದಿನ ಗಿರಿಜಾ ಶಾಲೆಯಲ್ಲಿ ವಿದಾಯ ಹೇಳಲು ಹೋಗಿದ್ದಳು. ನಾನು ಕಾರನ್ನು ಕೊಂಡವರಿಗೆ ಒಪ್ಪಿಸಲು ಹೋದೆ. ಕಾರ್ಗೋದವರು ಬಂದರೆ ಬಾಗಿಲು ತೆರೆ ಎಂದು ಕಟ್ಟಡ ಕಾಯುವ ಹಾರಿಸ್ ಕೈಗೆ ಕೀಲಿ ಕೊಟ್ಟಿದ್ದೆ. ಹನ್ನೊಂದು ಗಂಟೆಗೆ ಕಾರ್ಗೋದವನ ಫೋನು ಬಂತು.

"ಭಾಯಿ, ಏರ್ ಯಾ ಸೀ?"

ಕಾರ್ಗೋ ಕಳಿಸಿದ ಯಾರಿಗಾದರೂ ಈ ಪ್ರಶ್ನೆ ಗೊತ್ತು. ಸಾಮಾನು ವಿಮಾನದಲ್ಲಿ ಹೋಗಬೇಕೋ, ಹಡಗಿನಲ್ಲೋ? "ಸೀ, ಸೀ! ಏರ್ ಮತ್ ಲೇನಾ" ಎಂದು ಖಡಾಖಂಡಿತವಾಗಿ ಹೇಳಿ ಫೋನಿಟ್ಟೆ.

ಮನೆಗೆ ಬಂದು ನೋಡಿದರೆ ಎಂಟು ರಟ್ಟಿನ ಪೆಟ್ಟಿಗೆಗಳು ಇದ್ದಲ್ಲೇ ಇದ್ದವು. ನೀಲಿ ಸೂಟ್‌ಕೇಸುಗಳಿರಲಿಲ್ಲ. ಹಾರಿಸ್ ತೃಪ್ತಿಯಿಂದ, ಸೀ ಖಲಾಸ್ ಎಂದ. ಮತ್ತೆ ಇವು ಎಂದು ಪೆಟ್ಟಿಗೆ ತೋರಿಸಿದೆ. ಅವನು ಚೀಟಿಯ ಮೇಲೆ ಬೆರಳಿಟ್ಟು, ಹೋಮ್ ಅಂದರೆ ಮನೆ, ಮನೆಯದು ಮನೆಯಲ್ಲೇ ಇರಬೇಕಲ್ಲವೇ ಎಂದು ನನ್ನನ್ನೇ ಕೇಳಿದ. ಕಾರ್ಗೋದವನಿಗೆ ಫೋನು ಹಚ್ಚಿದೆ.

ಪೆಟ್ಟಿಗೆಗಳನ್ನು ಸಂಜೆ ಬಂದು ಒಯ್ಯುತ್ತೇವೆ ಎಂದ, ಆದರೆ ಸೂಟ್‌ಕೇಸುಗಳು ಆಗಲೇ ರಾಯ್ ಎಂಬ ಬಡಾವಣೆಯಲ್ಲಿದ್ದ ಅವರ ಗೋದಾಮಿಗೆ ಹೋಗಿದ್ದವು. ನಾಲ್ಕು ಗಂಟೆಗೆ ಕಂಟೇನರಿಗೆ ಸೀಲು ಬೀಳುತ್ತದೆ, ಆಮೇಲೆ ಸೀರೆಯ ಮುಖ ನೋಡುವುದು ಒಂದೂವರೆ ತಿಂಗಳ ನಂತರ, ಅದೂ ಗದಗಿನಲ್ಲಿ. ನಾವು ಹಡಗು ಹತ್ತುವುದು ನಾಡಿದ್ದು. ಗಿರಿಜಾಗೆ ಫೋನಿನಲ್ಲಿ ತಪ್ಪೊಪ್ಪಿಕೊಂಡೆ. ಟ್ಯಾಕ್ಸಿಯಲ್ಲಿ ಶಾಲೆಯ ಮುಂದೆ ನಿಂತಾಗ ಅವಳು ಮಕ್ಕಳು ಕೊಟ್ಟ ಹೂಗುಚ್ಛ ಹಿಡಿದು ಹತ್ತಿ ಕೂತಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಗುರುವಾರದ ಮಧ್ಯಾಹ್ನ, ರಸ್ತೆಯಲ್ಲಿ ವಾಹನಗಳು ಒಂದರ ಬಾಲ ಒಂದು ಹಿಡಿದು ನಿಂತಿದ್ದವು. ಅರ್ಧ ಗಂಟೆಯಲ್ಲಿ ಅವಳು ಆಡಿದ್ದು ಒಂದೇ ಮಾತು.

"ಅವ್ವನ ಮಗ್ಗದವ್ರ ಕೈಲೇ ನೇಯಿಸಿದ್ನಿರೀ."

ಗೋದಾಮು ಮುಟ್ಟಿದಾಗ ಮೂರೂ ಕಾಲು. ಮೇಲ್ವಿಚಾರಕ ಇಕ್ಬಾಲ್ ಮಂಗಳೂರಿನ ಕಡೆಯವನು. ಕನ್ನಡ ಕೇಳಿ ಅವನ ಮುಖ ಅರಳಿತು, ವಿಷಯ ಕೇಳಿ ಬಾಡಿತು. ಒಳಗೆ ಸಾಲು ಸಾಲು ಸೂಟ್‌ಕೇಸುಗಳು, ಅರ್ಧಕ್ಕರ್ಧ ನೀಲಿ. ನನ್ನ ಚೀಟಿ ಹುಡುಕಿದೆ. ಅಲ್ಲಿ ಪ್ರತಿಯೊಂದರ ಮೇಲೂ 'ಸೀ' ಎಂಬ ಚೀಟಿಯೇ ಇತ್ತು.

"ನಂಬರ್ ಇನ್ನೂ ಹಾಕ್ಲಿಲ್ಲ ಸಾರ್. ಲಿಸ್ಟಲ್ಲಿ ನೋಡುವ ಅಂದ್ರೆ ಎಲ್ರೂ ಯೂಸ್ಡ್ ಕ್ಲೋತ್ಸ್ ಅಂತಲೇ ಬರೆಸಿದ್ದಾರೆ ಮಾರಾಯ್ರೆ. ಒಳಗೆ ಎಂತ ಉಂಟು ಹೇಳಿ. ನಾನೇ ತೆಗ್ದು ನೋಡ್ತೇನೆ, ನೀವು ಮುಟ್ಟುವ ಹಾಗಿಲ್ಲ."

"ರೀ, ಸ್ವಲ್ಪ..." ಎಂದಳು ಗಿರಿಜಾ.

"ನೀ ಸುಮ್ನಿರು, ನಾ ಮಾತಾಡ್ತೀನಿ" ಎಂದು ಮುಂದೆ ನುಗ್ಗಿದೆ. "ನಮ್ಮನೆಯವ್ರ ಪೆಟಗಿ. ಅದ್ರಾಗ ಒಂದು ಕೆಂಪು ಸೀರಿ ಐತಿ."

ಇಕ್ಬಾಲ್ ಒಂದು ನೀಲಿ ಸೂಟ್‌ಕೇಸಿನ ಜಿಪ್ ಎಳೆದ. ಕೆಂಪು ಸೀರೆಯಿತ್ತು, ಜೊತೆಗೆ ಯಾರದೋ ಮಗುವಿನ ಗೊಂಬೆಗಳು. ಎರಡನೆಯದರಲ್ಲಿ ಮೂರು ಕೆಂಪು ಸೀರೆ, ಒಂದು ಬಾಣಲೆ. ಎಂಥ ಕೆಂಪು, ಅಂಚು ಯಾವುದು ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಆ ಸೀರೆಯನ್ನು ಅವಳು ನನಗೆ ಮೂರು ಸಲ ಬಿಡಿಸಿ ತೋರಿಸಿದ್ದಳು. ಮೂರು ಸಲವೂ ನಾನು ಫೋನಿನಲ್ಲಿ ಸಮುದ್ರದ ಗಾಳಿ ನೋಡುತ್ತಾ "ಭಾಳ ಛಂದ ಐತಿ" ಅಂದಿದ್ದೆ. ಹೊರಗೆ ಕಂಟೇನರಿನ ಒಂದು ಬಾಗಿಲು ಮುಚ್ಚಿದ ಸದ್ದಾಯಿತು.

"ಇನ್ನೊಂದು ನೋಡ್ತೇನೆ ಸಾರ್, ಮತ್ತೆ ಆಗುದಿಲ್ಲ" ಎಂದ ಇಕ್ಬಾಲ್.

ಗಿರಿಜಾ ಹೂಗುಚ್ಛವನ್ನು ನನ್ನ ಕೈಗೆ ಕೊಟ್ಟು ಮುಂದೆ ಬಂದಳು. "ನನ್ನ ಪೆಟಗಿ ಆಮೇಲ್ ಹುಡುಕೂಣು ತಮ್ಮಾ. ಇವ್ರದ್ ತಗೀರಿ. ಹಿಡಿಕಿಗೆ ಹಸಿರು ತಂತಿ ಸುತ್ತ್ಯಾರ, ಎಸಿಗೆ ಹಾಕೋ ತಂತಿ. ತಗದ್ ಕೂಡ್ಲೆ ಮಂಕಿ ಕ್ಯಾಪ್ ಕಾಣ್ತೈತಿ. ಎಡಕ್ಕ ಹನ್ನೊಂದು ಜೋಡಿ ಸಾಕ್ಸ್, ಒಂದರೊಳಗ ಕೂದಲಕ್ಕ ಹಚ್ಚೂ ಕಪ್ಪು ಬಣ್ಣ."

ಕೂದಲ ಬಣ್ಣದ ವಿಷಯ ನನಗೊಬ್ಬನಿಗೇ ಗೊತ್ತು ಎಂದು ಹತ್ತು ವರ್ಷದಿಂದ ನಂಬಿದ್ದೆ. ಇಕ್ಬಾಲ್ ನನ್ನ ತಲೆಯ ಕಡೆ ಒಮ್ಮೆ ನೋಡಿ, ಮರ್ಯಾದಸ್ಥನಾದ್ದರಿಂದ ತಕ್ಷಣ ಬೇರೆ ಕಡೆ ನೋಡಿದ. ಮೂಲೆಯಲ್ಲಿ ಹಸಿರು ತಂತಿ ಸಿಕ್ಕಿತು. ಅದರ ಪಕ್ಕದಲ್ಲೇ ಅವಳ ಸೂಟ್‌ಕೇಸೂ ಇತ್ತು. ಅವನು ನನ್ನದರ ಜಿಪ್ ಎಳೆದು ಮಂಕಿ ಕ್ಯಾಪು ಸರಿಸಿದ. ಕೆಳಗೆ, ನನ್ನ ಬಿಳಿ ಧೋತರದಲ್ಲಿ ಮಡಿಸಿ ಸುತ್ತಿದ ದಾಳಿಂಬೆ ಬಣ್ಣದ ಇಳಕಲ್ ಸೀರೆ.

"ಬೆಳಿಗ್ಗೆ ನೀವು ಜಳಕಕ್ಕ ಹೋದಾಗ ನಿಮ್ಮ ಪೆಟಗಿ ಬಿಚ್ಚಿ ಮತ್ತ ಕಟ್ಟೀನ್ರೀ. ನನ್ನದ್ರಾಗ ಪುಸ್ತಕ ಅದಾವು, ಸೀರಿ ಮುದ್ದಿ ಆಗ್ತಿತ್ತು. ನಿಮ್ಮ ಉಣ್ಣಿ ಅರಿವಿ ಮೆತ್ತಗ ಇದ್ದವು. ಅದನ್ನ ಹೇಳಾಕ ಬಂದ್ರ ಸುಮ್ನಿರು ಅಂದ್ರಿ" ಎಂದು ಅವಳು ಸೀರೆಯ ಮೇಲೆ ಕೈಯಿಟ್ಟು, ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕೂತು ಅತ್ತುಬಿಟ್ಟಳು. ಹೂಗುಚ್ಛ ಹಿಡಿದು ನಿಂತಿದ್ದ ನನ್ನನ್ನು ನೋಡಿದವರು ಮದುವೆ ಮನೆಗೆ ಹೊರಟು ದಾರಿ ತಪ್ಪಿ ಬಂದವನು ಅಂದುಕೊಂಡಿರಬೇಕು.

ಇಕ್ಬಾಲ್ ಒಂದು ಕಾಗದ ತಂದು ಮುಂದೆ ಹಿಡಿದ. ಸಾಮಾನು ವಾಪಸು ಪಡೆದಿದ್ದಕ್ಕೆ ಸಹಿ ಬೇಕು, ಸೂಟ್‌ಕೇಸು ಬುಕ್ ಆಗಿದ್ದು ನನ್ನ ಹೆಸರಿನಲ್ಲಿ.

"ಇದು ನಿಮ್ಮದೇ ಅಲ್ವಾ ಸಾರ್? ಒಳಗೆ ಎಂತ ಎಲ್ಲ ಉಂಟು, ಅದನ್ನು ಬರ್ದು ಸೈನ್ ಹಾಕಿ."

ನಾನು ಪೆನ್ನು ತೆಗೆದು, "ನೀನ ಹೇಳು, ಬರಕೋತೀನಿ" ಎಂದು ಗಿರಿಜಾಳ ಮುಖ ನೋಡಿದೆ.