ನನ್ನ ನಿಯಮ, ಅತ್ತೆಯ ಚಾಕು

ಕೆಲವರಿಗೆ ಹಾಡು ಒಲಿದಿರುತ್ತದೆ, ಕೆಲವರಿಗೆ ಅಡುಗೆ. ನನಗೆ ಒಲಿದಿರುವುದು ನಿಯಮ ಮಾಡುವ ಕಲೆ. ಫ್ರಿಜ್ಜಿನ ಬಾಗಿಲನ್ನು ಎಷ್ಟು ಹೊತ್ತು ತೆರೆದು ನಿಲ್ಲಬಹುದು, ಒದ್ದೆ ಟವೆಲ್ಲು ಎಲ್ಲಿ ಒಣಗಬೇಕು, ಸಾರಿನ ಸೌಟು ಮೊಸರಿನ ಪಾತ್ರೆಗೆ ಯಾಕೆ ಹೋಗಬಾರದು, ಎಲ್ಲಕ್ಕೂ ನಮ್ಮ ಮನೆಯಲ್ಲಿ ನಿಯಮಗಳಿವೆ. ಅವನ್ನು ಪಾಲಿಸುವವರು ಮಾತ್ರ ಇನ್ನೂ ಹುಟ್ಟಬೇಕು. ನನ್ನ ಗಂಡ ಎಲ್ಲದಕ್ಕೂ ಆಯ್ತು ಆಯ್ತು ಎಂದು ತಲೆಯಾಡಿಸಿ, ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಹಾಕಿಯೇ ಆಫೀಸಿಗೆ ಹೊರಡುತ್ತಾರೆ. ನಾಲ್ಕನೇ ಕ್ಲಾಸಿನ ಮಗಳು ಸಿರಿ ಪ್ರತಿ ನಿಯಮಕ್ಕೂ "ಯಾಕೆ?" ಎಂದು ಕೇಳುತ್ತಾಳೆ. ಅತ್ತೆ ಕೇಳುವುದೂ ಇಲ್ಲ, ತಲೆಯಾಡಿಸುವುದೂ ಇಲ್ಲ. ಬಾಯಲ್ಲಿ ಎಲೆ-ಅಡಿಕೆಯ ಕವಳ ಇರುವುದರಿಂದ ಮಾತಾಡಲು ಆಗುವುದಿಲ್ಲ ಎಂಬಂತೆ ಕೈಸನ್ನೆ ಮಾಡಿ ಹಿತ್ತಿಲಿಗೆ ನಡೆದುಬಿಡುತ್ತಾರೆ. ಹೀಗಾಗಿ ಮನೆಯಲ್ಲಿ ಸೋತ ನನ್ನ ಪ್ರತಿಭೆಗೆಲ್ಲ ಶಾಲೆಯೇ ಆಸರೆ.

ತೀರ್ಥಹಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ನಾನು ಇಂಗ್ಲಿಷ್ ಮೇಡಂ. ಸಿರಿಯೂ ಅಲ್ಲೇ ಓದುತ್ತಾಳೆ. ಕಳೆದ ವರ್ಷ ಮಾವಿನಕಾಯಿ ಕಾಲದಲ್ಲಿ ಒಬ್ಬ ಹುಡುಗಿ ಮಾವಿನಕಾಯಿ, ಉಪ್ಪು, ಖಾರದ ಪುಡಿ ಮತ್ತು ಒಂದು ಪುಟ್ಟ ಮಡಚುಚಾಕು ತಂದು, ಊಟದ ಬಿಡುವಿನಲ್ಲಿ ಇಡೀ ಕ್ಲಾಸಿಗೆ ಹೋಳು ಹಂಚಿದಳು. ಯಾರಿಗೂ ಏನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಎರಡು ಹೋಳು ಸ್ಟಾಫ್ ರೂಮಿಗೂ ಬಂದಿದ್ದವು, ಬಹಳ ಚೆನ್ನಾಗಿದ್ದವು. ಆದರೆ ಸುದ್ದಿ ಪೋಷಕರ ವಾಟ್ಸಾಪ್ ಗುಂಪಿಗೆ ಹತ್ತಿತು ನೋಡಿ, ಸಂಜೆ ಆಗುವಷ್ಟರಲ್ಲಿ ಮಾವಿನಕಾಯಿ ಮಾಯವಾಗಿ ಚಾಕು ಮಾತ್ರ ಉಳಿಯಿತು. ರಾತ್ರಿ ಊಟದ ಹೊತ್ತಿಗೆ ಅದು ಉದ್ದವೂ ಆಗಿತ್ತು. ಆಡಳಿತ ಮಂಡಳಿಯ ಅಧ್ಯಕ್ಷರು ಎಲ್ಲೋ ದೊಡ್ಡ ಊರಿನ ಶಾಲೆಯಲ್ಲಿ 'ಜೀರೋ ಟಾಲರೆನ್ಸ್' ಇದೆಯೆಂದು ಕೇಳಿಕೊಂಡು ಬಂದಿದ್ದರು. ನಮಗೂ ಅದೇ ಬೇಕು ಎಂದು ಸ್ಟಾಫ್ ಮೀಟಿಂಗಿನಲ್ಲಿ ಹೇಳಿದರು. ಹೆಡ್ ಮೇಡಂ ಸುತ್ತ ನೋಡಿದರು. ಎಲ್ಲರೂ ತಲೆ ತಗ್ಗಿಸಿದ್ದರು, ನಾನೊಬ್ಬಳು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದೆ.

ಆ ಭಾನುವಾರ ಪೂರ್ತಿ ಕೂತು ಬರೆದೆ. 'ಜೀರೋ ಟಾಲರೆನ್ಸ್' ಎಂಬುದನ್ನು ಕನ್ನಡದಲ್ಲಿ ಹೇಗೆ ಹೇಳುವುದೆಂದು ಯೋಚಿಸಿ 'ಶೂನ್ಯ ಸಹನೆ' ಅಂದರೆ ಹೇಗೆ ಎಂದು ಗಂಡನನ್ನು ಕೇಳಿದೆ. ಅದಕ್ಕೆ ಹೊಸದಾಗಿ ನಿಯಮ ಯಾಕೆ, ನಿನಗೆ ಹುಟ್ಟಿನಿಂದಲೇ ಬಂದಿದೆಯಲ್ಲ ಎಂದು ಪೇಪರು ಮಡಚಿಟ್ಟು ಎದ್ದುಹೋದರು. ಹೋಗಲಿ ಬಿಡಿ. ನನ್ನ ನಿಯಮದ ಸಾರ ಇಷ್ಟು: ಅಲಗು ಇರುವ ಯಾವ ವಸ್ತುವೂ ಗೇಟಿನ ಒಳಗೆ ಬರಕೂಡದು. ತಂದವರು ಯಾರೇ ಆಗಲಿ, ಕಾರಣ ಕೇಳುವುದಿಲ್ಲ. ಸಿಕ್ಕಿಬಿದ್ದವರ ಮನೆಯ ಹಿರಿಯರು ಬಂದು, ಇನ್ನು ಮುಂದೆ ಹೀಗಾಗುವುದಿಲ್ಲ ಎಂದು ಹೆಡ್ ಮೇಡಂ ಎದುರು ಮಾತು ಕೊಡಬೇಕು. 'ಯಾರೇ ಆಗಲಿ' ಎಂಬಲ್ಲಿ ಅಡಿಗೆರೆ ಎಳೆದವಳೂ ನಾನೇ. ಓದಿದಾಗ ನನಗೇ ಮೈ ಜುಮ್ಮೆಂದಿತು.

ನಿಯಮ ಜಾರಿಗೆ ಬಂದಮೇಲೆ ಶಾಲೆಯ ಬದುಕು ಸ್ವಲ್ಪ ವಿಚಿತ್ರವಾಯಿತು. ಕ್ರಾಫ್ಟ್ ಕ್ಲಾಸಿನ ಕತ್ತರಿಗಳೆಲ್ಲ ಬೀರು ಸೇರಿ, ಅಲ್ಲಿಂದ ಅಧ್ಯಕ್ಷರ ಮನೆ ಸೇರಿದವು. ಮಕ್ಕಳು ಬಣ್ಣದ ಕಾಗದವನ್ನು ಕೈಯಲ್ಲೇ ಹರಿದು ಮಾಡಿದ ನವಿಲುಗಳು ಜಗಳದಿಂದ ಈಗತಾನೇ ಬಿಡಿಸಿಕೊಂಡು ಬಂದ ಕೋಳಿಗಳಂತೆ ಕಾಣುತ್ತಿದ್ದವು. ಸಂಸ್ಕೃತ ಮೇಡಂ ಮನೆಯಿಂದ ತಂದ ಚಕ್ಕೋತ ಹಣ್ಣನ್ನು ಸುಲಿಯಲಾಗದೆ ಸ್ಟಾಫ್ ರೂಮಿನ ಮೇಜಿನ ಮೇಲೆ ಇಟ್ಟುಕೊಂಡು ನಾವೆಲ್ಲ ಬರೀ ವಾಸನೆ ನೋಡಿದೆವು. ಪಾರ್ಸೆಲ್ಲು ಬಂದರೆ ಪಿ.ಟಿ. ಮಾಸ್ತರು ಹಲ್ಲಿನಲ್ಲಿ ಕಚ್ಚಿ ಬಿಚ್ಚುತ್ತಿದ್ದರು. ಅವರು ನನ್ನನ್ನು ನೋಡುವಾಗಲೂ ಹಲ್ಲು ಕಚ್ಚುತ್ತಿದ್ದುದು ನನಗೆ ಗೊತ್ತಾಗುತ್ತಿರಲಿಲ್ಲ ಅಂತಲ್ಲ.

ಅಷ್ಟರಲ್ಲಿ ಅಜ್ಜ-ಅಜ್ಜಿಯರ ದಿನ ಬಂತು. ವರ್ಷಕ್ಕೊಮ್ಮೆ ಮಕ್ಕಳ ಅಜ್ಜ ಅಜ್ಜಿಯರನ್ನೆಲ್ಲ ಕರೆಸಿ, ಹಾಡಿಸಿ, ಐಸ್‌ಕ್ರೀಂ ತಿನ್ನಿಸಿ ಕಳಿಸುವ ಕಾರ್ಯಕ್ರಮ ಅದು. ಹಿಂದಿನ ವರ್ಷ ಅತ್ತೆಗೆ ಮಂಡಿನೋವು ಬಂದು ಬರಲಾಗಿರಲಿಲ್ಲ. ಪಾಪ, ಸಿರಿ ಅವತ್ತು ಗೆಳತಿಯ ಅಜ್ಜಿಯನ್ನು ಕಡ ತೆಗೆದುಕೊಂಡು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಮನೆಗೆ ಬಂದು, ಆ ಅಜ್ಜಿ ಒಳ್ಳೆಯವರೇ, ಆದರೆ ನನ್ನ ಹೆಸರು ಮೂರು ಸಲ ಕೇಳಿದರು ಎಂದು ಸಪ್ಪೆ ಮುಖ ಮಾಡಿದ್ದಳು. ಈ ಸಲ ಹಾಗಾಗಬಾರದು ಎಂದು ತಿಂಗಳ ಮುಂಚೆಯೇ ಅಜ್ಜಿ ಮೊಮ್ಮಗಳು ಸೇರಿ ವೇದಿಕೆಯ ಮೇಲೆ ಒಗಟಿನ ಜುಗಲಬಂದಿ ಮಾಡುವುದೆಂದು ನಿಶ್ಚಯವಾಯಿತು. ಸಿರಿ ಹಲ್ಲುಜ್ಜುವಾಗಲೂ ಒಗಟು ಕಟ್ಟುತ್ತಿದ್ದಳು. ಈ ಸಲ ನಿಜವಾದ ಅಜ್ಜಿ ಬರ್ತಾರೆ ಎಂದು ಆಟೋದವನಿಗೂ ಹೇಳಿಟ್ಟಿದ್ದಳು.

ಹಿಂದಿನ ದಿನ ಸಂಜೆ ನನಗೆ ಥಟ್ಟನೆ ಹೊಳೆಯಿತು. ಅತ್ತೆಯ ಕವಳದ ಸಂಚಿ! ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅದರ ಜೊತೆಗೆ ಅಡಿಕೆ ಹೆರೆಯುವ ಮಡಚುಚಾಕು. ಕವಲೇದುರ್ಗದ ಬುಡದಲ್ಲಿರುವ ತವರಿನಿಂದ ಮದುವೆಯಾಗಿ ಬರುವಾಗ ತಂದದ್ದಂತೆ. ಹಿಡಿ ಸವೆದು ನುಣ್ಣಗಾಗಿದೆ, ಅಲಗು ಮಾತ್ರ ಅತ್ತೆಯ ಮಾತಿನಷ್ಟೇ ಚುರುಕು. ನಾಳೆ ಇದನ್ನು ಮನೆಯಲ್ಲೇ ಬಿಟ್ಟು ಬರಬೇಕು ಎಂದು ಮೆಲ್ಲಗೆ ಹೇಳಿದೆ. ಬೇಕಾದರೆ ಅಡಿಕೆಯನ್ನು ಮೊದಲೇ ಹೆರೆದು ಡಬ್ಬಿಗೆ ಹಾಕಿಕೊಡುತ್ತೇನೆ ಎಂದೂ ಹೇಳಿದೆ. ಹೆರೆದಿಟ್ಟ ಅಡಿಕೆ ತಿನ್ನುವುದು ಆರಿದ ಕಾಫಿ ಕುಡಿದ ಹಾಗೆ ಎಂಬುದು ಅವರ ಸಿದ್ಧಾಂತ. ಅದು ನನಗೂ ಗೊತ್ತು.

"ಚಾಕು ಇಲ್ದೆ ಕವಳ ಇಲ್ಲ, ಕವಳ ಇಲ್ದೆ ನಂಗೆ ಬಾಯಿ ಬರಲ್ಲ. ಬಾಯಿ ಬರ್ದಿದ್ರೆ ಒಗಟು ಎಂತ ಹೇಳ್ಲಿ ಮಾರಾಯ್ತಿ? ನಾ ಬರದೇ ಇಲ್ಲ, ಬಿಡು" ಎಂದರು ಅತ್ತೆ.

ಬಾಗಿಲಲ್ಲಿ ನಿಂತಿದ್ದ ಸಿರಿಯ ಕಣ್ಣು ತುಂಬಿತು. ಅವಳು ಅಜ್ಜಿಯನ್ನೂ ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಯಾಕೆ ಎಂದು ಕೂಡ ಕೇಳದೆ ಒಳಗೆ ಹೋದಳು. ಅದನ್ನೇ ನನಗೆ ತಡೆಯಲಾಗಲಿಲ್ಲ. ಆದರೆ ನಿಯಮ ಬರೆದವಳೇ ಮುರಿದರೆ ಪಿ.ಟಿ. ಮಾಸ್ತರ ಹಲ್ಲಿಗೆ ಏನು ಉತ್ತರ ಹೇಳಲಿ? ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಮೊಮ್ಮಗಳ ಕೋಣೆಯಿಂದ ಗುಸುಗುಸು ಕೇಳಿತು, ಆಮೇಲೆ ಕಿಸಕ್ಕನೆ ನಗು. ಅತ್ತೆ ಹೊರಗೆ ಬಂದು, ಆಯ್ತು ಬರ್ತೀನಿ, ನನ್ನ ಸಂಚಿ ಬೇಕಾದರೆ ಜಾಲಾಡಿ ನೋಡು ಎಂದರು. ನೋಡಿದೆ. ಚಾಕು ಇರಲಿಲ್ಲ. ಇಷ್ಟು ಸುಲಭಕ್ಕೆ ಅತ್ತೆ ಒಪ್ಪಿದ್ದು ನನ್ನ ಮಾತಿನ ಶಕ್ತಿಯಿಂದ ಎಂದು ನಂಬಿಬಿಟ್ಟೆ. ಮರುದಿನ ಬೆಳಿಗ್ಗೆ ಸಿರಿ ತಾನಾಗಿ, ಅಮ್ಮ, ನಿನ್ನ ವ್ಯಾನಿಟಿ ಬ್ಯಾಗ್ ನಾನು ಹಿಡ್ಕೊಳ್ತೀನಿ ಎಂದಾಗಲೂ ಮಗಳಿಗೆ ಬುದ್ಧಿ ಬಂತು ಎಂದೇ ತಿಳಿದೆ.

ಗೇಟಿನಲ್ಲಿ ನಡೆದದ್ದನ್ನು ಏನೆಂದು ಹೇಳಲಿ. ಅಡಿಕೆ ಸೀಮೆಯಲ್ಲಿ ಕೂತು, ಅಡಿಕೆ ಜಗಿಯುವವರ ಮಕ್ಕಳಾದ ನಾವೇ, ಊರಿನ ಅಜ್ಜ ಅಜ್ಜಿಯರನ್ನೆಲ್ಲ ಕರೆದು ಚಾಕು ತರಬೇಡಿ ಎಂದಿದ್ದೆವು. ಒಬ್ಬರ ಹಿಂದೊಬ್ಬರು ಸೊಂಟದಿಂದ, ಜುಬ್ಬದ ಜೇಬಿನಿಂದ, ಸೀರೆಯ ಮಡಿಲಿನಿಂದ ಅಡಕತ್ತರಿ, ಚೂರಿ, ಮಡಚುಚಾಕು ತೆಗೆದು ಕಾವಲುಗಾರ ಮಂಜಪ್ಪನ ಬಕೆಟ್ಟಿಗೆ ಹಾಕಿದ್ದೇ ಹಾಕಿದ್ದು. ಬಕೆಟ್ಟು ತುಂಬಿ ಎರಡನೆಯದು ಬಂತು. ಹೊಸನಗರದ ಕಡೆಯಿಂದ ಬಂದ ಅಜ್ಜನೊಬ್ಬರು ತಮ್ಮ ಚಾಕನ್ನು ಬೇರೆಯವರದರ ಜೊತೆ ಸೇರಿಸಬಾರದು, ಅದಕ್ಕೆ ಸಂಗ ಸರಿಹೋಗುವುದಿಲ್ಲ ಎಂದು ಹಟ ಹಿಡಿದರು. ಸಾಗರದಿಂದ ಮಗಳ ಮನೆಗೆ ಬಂದಿದ್ದ ಅಜ್ಜಿಯೊಬ್ಬರು, ಕೆಳದಿ ಅರಸರ ಕಾಲದಲ್ಲೂ ಇಷ್ಟು ಆಯುಧ ಒಂದೇ ಕಡೆ ಸೇರಿರಲಿಕ್ಕಿಲ್ಲ ಕಣಮ್ಮ ಎಂದು ನನ್ನ ಗಲ್ಲ ತಟ್ಟಿ ಒಳಗೆ ಹೋದರು. ನಾನು ಬಕೆಟ್ಟುಗಳನ್ನು ಮಂಜಪ್ಪನ ಕೋಣೆಗೆ ಹಾಕಿಸಿ, ಬೀಗ ಜಡಿಸಿ, ಕೀಲಿಕೈ ನಿನ್ನ ಜೇಬು ಬಿಟ್ಟು ಕದಲಬಾರದು ಎಂದು ಅಪ್ಪಣೆ ಮಾಡಿದೆ. ಎಲ್ಲರ ಚೀಲವನ್ನೂ ನೋಡಿದೆ. ನೋಡದೆ ಬಿಟ್ಟದ್ದು ನನ್ನದೊಂದನ್ನೇ.

ಸಭಾಂಗಣದಲ್ಲಿ ಕವಳವಿಲ್ಲದ ಅಜ್ಜಂದಿರು ಬಸ್ಸು ತಪ್ಪಿದವರ ಹಾಗೆ ಕೂತಿದ್ದರು. ಅಧ್ಯಕ್ಷರ ಭಾಷಣಕ್ಕೆ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಇದರ ನಡುವೆ ಅತ್ತೆ ಕನ್ನಡಕ ಒರೆಸಲು ಕರ್ಚೀಫು ಬೇಕೆಂದು ನನ್ನ ಬ್ಯಾಗು ಕೇಳಿ ಪಡೆದು, ಸ್ವಲ್ಪ ಹೊತ್ತಿನಲ್ಲಿ ಹಿಂದೆ ಕೊಟ್ಟರು. ಆಮೇಲೆ ನೋಡಿದರೆ ತುಟಿ ಕೆಂಪಾಗಿತ್ತು. ನನಗೆ ಆಗಲೂ ತಲೆಗೆ ಹೋಗಲಿಲ್ಲ, ನೋಡಿ.

ಭಾಷಣವಾದ ಮೇಲೆ ಮೊದಲ ಸರದಿಯೇ ಅಜ್ಜಿ ಮೊಮ್ಮಗಳ ಒಗಟಿನದು. ಇಬ್ಬರೂ ಪರದೆಯ ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ಪರದೆ ತೆರೆಯಲಿ ಎಂದು ನಿರೂಪಣೆಯ ಹುಡುಗಿ ಹೇಳಿದಳು. ಪರದೆ ತೆರೆಯಲಿಲ್ಲ. ಗಾಳಿಗೆ ಪರದೆ ಹಾರುತ್ತದೆಂದು ಪಿ.ಟಿ. ಮಾಸ್ತರು ಅದರ ಎರಡೂ ಭಾಗಗಳನ್ನು ಸೇರಿಸಿ ನೈಲಾನ್ ಹಗ್ಗದಲ್ಲಿ ಬಿಗಿದಿದ್ದರು. ಎಳೆದಷ್ಟೂ ಅದು ಕಗ್ಗಂಟಾಯಿತು. ಮಾಸ್ತರು ಹಲ್ಲು ಹಚ್ಚಿದರು, ಈ ಸಲ ಹಲ್ಲೂ ಸೋತಿತು. ಕತ್ತರಿ ಎಂದರು ಯಾರೋ. ಕತ್ತರಿ ಅಧ್ಯಕ್ಷರ ಮನೆಯಲ್ಲಿತ್ತು. ಮಂಜಪ್ಪ ಎಂದರು. ಮಂಜಪ್ಪ ನನ್ನ ಅಪ್ಪಣೆಯಂತೆ ಕೀಲಿಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಪೇಟೆಗೆ ಐಸ್‌ಕ್ರೀಂ ತರಲು ಹೋಗಿದ್ದ. ಹಗ್ಗ ಸುಟ್ಟುಬಿಡೋಣ ಎಂದು ದೀಪದ ಕಡೆ ನೋಡಿದವರನ್ನು ಹೆಡ್ ಮೇಡಂ ಕಣ್ಣಿನಲ್ಲೇ ಕೂರಿಸಿದರು. ತಾಲ್ಲೂಕಿನ ಅರ್ಧ ಚಾಕುಗಳು ಗೇಟಿನ ಬಳಿ ಬೀಗದೊಳಗೆ ಮಲಗಿದ್ದವು, ಇತ್ತ ಒಂದು ಹಗ್ಗದ ತುಂಡು ಇಡೀ ಶಾಲೆಯನ್ನು ಆಡಿಸುತ್ತಿತ್ತು. ಮುಂದಿನ ಕಾರ್ಯಕ್ರಮವನ್ನು ವೇದಿಕೆಯ ಕೆಳಗೇ ಮಾಡಿಬಿಡಿ, ಇದನ್ನು ಬಿಟ್ಟುಬಿಡೋಣ ಎಂದು ಅಧ್ಯಕ್ಷರು ಹೇಳಿದರು. ಪರದೆಯ ಹಿಂದಿನ ಮೈಕು ಚಾಲೂ ಇತ್ತು. ಅದರಲ್ಲಿ ಒಂದು ಸಣ್ಣ ಬಿಕ್ಕಳಿಕೆ ಕೇಳಿಸಿತು. ಅದು ನನ್ನ ಸಿರಿಯದು. ನನಗೆ ನನ್ನ ಮೇಲೆ, ನನ್ನ ಅಡಿಗೆರೆಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ಮೈಕಿನಲ್ಲಿ ಅತ್ತೆಯ ದನಿ ಕೇಳಿತು. ಇಡೀ ಸಭಾಂಗಣಕ್ಕೆ, ಹೊರಗಿನ ರಸ್ತೆಗೂ ಕೇಳುವ ಹಾಗೆ.

"ಅಳ್ಬೇಡ ಪುಟ್ಟಿ. ಹೋಯ್ತು ಗುಟ್ಟು, ಹೋಗ್ಲಿ. ಅಲ್ಲಿ ಯಾರಿದೀರಿ? ನಮ್ಮ ಸೊಸೆ ಬ್ಯಾಗ್ ತೆಗೀರಿ. ಒಳಗಿನ ಜಿಪ್ಪಲ್ಲಿ ನನ್ ಚಾಕು ಇದೆ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಜಿಪ್ಪು ಎಳೆದೆ. ಕರ್ಚೀಫಿನಲ್ಲಿ ಸುತ್ತಿದ ಚಾಕು ತಣ್ಣಗೆ ಮಲಗಿತ್ತು. ಅದನ್ನು ಹೊರತೆಗೆದಾಗ ಎದ್ದ ನಗುವಿಗೆ ಸಭಾಂಗಣದ ಛಾವಣಿಯ ಶೀಟುಗಳು ಗಡಗಡ ಎಂದವು. ಬೆಳಿಗ್ಗೆಯಿಂದ ಮುಖ ಗಂಟು ಹಾಕಿಕೊಂಡಿದ್ದ ಅಜ್ಜಂದಿರು ಎದ್ದು ನಿಂತು ಚಪ್ಪಾಳೆ ಹೊಡೆದರು. ಪಿ.ಟಿ. ಮಾಸ್ತರು ಚಾಕನ್ನು ಎರಡೂ ಕೈಯಲ್ಲಿ ಪ್ರಸಾದದ ಹಾಗೆ ತೆಗೆದುಕೊಂಡರು. ಒಂದೇ ಏಟಿಗೆ ಹಗ್ಗ ತುಂಡಾಗಿ ಪರದೆ ತೆರೆಯಿತು. ಒಳಗೆ ಕೆಂಪು ತುಟಿಯ ಅಜ್ಜಿ, ಕೆಂಪು ಮೂಗಿನ ಮೊಮ್ಮಗಳು. ಅತ್ತೆ ತಡಮಾಡದೆ ಮೊದಲ ಒಗಟು ಎಸೆದರು: ಮಡಚಿದರೆ ಮಗು, ಬಿಚ್ಚಿದರೆ ಹುಲಿ, ಅದೇನು? ಸಿರಿ ಬಾಯಿ ತೆರೆಯುವ ಮೊದಲೇ ಸಭೆಗೆ ಸಭೆಯೇ ಉತ್ತರ ಕೂಗಿತು. ಸಿರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ನೋಡಿ ನನಗೆ ಕಣ್ಣಲ್ಲಿ ನೀರು ಬಂತು, ನಾಚಿಕೆ ಆಮೇಲೆ ಬಂತು.

ಸೋಮವಾರ ಹೆಡ್ ಮೇಡಂ ಕರೆದರು. ಕತ್ತರಿಗಳು ಕ್ರಾಫ್ಟ್ ಕ್ಲಾಸಿಗೆ ವಾಪಸ್ಸು ಬರುತ್ತವೆ, ಕವಳದವರ ಸಂಚಿಗೆ ಮುಂದಿನ ಸಲದಿಂದ ವಿನಾಯಿತಿ ಎಂದರು. ನಾನು ಸಂತೋಷದಿಂದ ಎದ್ದೆ. ಕೂತುಕೊಳ್ಳಿ, ಆದರೆ ಅವತ್ತಿನ ಮಟ್ಟಿಗೆ ನಿಯಮ ಇತ್ತಲ್ಲ, 'ಯಾರೇ ಆಗಲಿ' ಎಂದು ಅಡಿಗೆರೆಯೂ ಇದೆಯಲ್ಲ ಎಂದರು. ಗಂಡನನ್ನು ಕಳಿಸುತ್ತೇನೆ ಎಂದೆ. ಅವರು ಮನೆಯ ಹಿರಿಯರಲ್ಲವಲ್ಲ ಎಂದು ನಕ್ಕರು. ಹೀಗೆ ಮರುದಿನ ನಮ್ಮತ್ತೆ ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟು, ಮೊಮ್ಮಗಳ ಕೈ ಹಿಡಿದು ಶಾಲೆಗೆ ಬಂದರು. ತುಂಟ ಮಕ್ಕಳನ್ನು ಕೂರಿಸುವ ಬೆಂಚಿನ ಮೇಲೆ ನಾನು ಹೊರಗೆ ಕೂತೆ. ನೀರು ಕುಡಿಯಲು ಬಂದ ನನ್ನದೇ ಕ್ಲಾಸಿನ ಮಕ್ಕಳು, ಏನು ಮಾಡಿದ್ರಿ ಮೇಡಂ ಎಂದು ಕನಿಕರದಿಂದ ಕೇಳಿದರು. ಒಳಗಿಂದ ಅತ್ತೆಯ ದನಿ ಸ್ಪಷ್ಟವಾಗಿ ಬರುತ್ತಿತ್ತು. ಚಾಕು ಇಟ್ಟವರು ಯಾರೆಂಬುದರ ಬಗ್ಗೆ ಚಕಾರವಿಲ್ಲ. ಹುಡುಗಿ ಒಳ್ಳೆಯವಳೇ, ಸ್ವಲ್ಪ ಹಟ ಜಾಸ್ತಿ, ಇದೊಂದು ಸಲ ಬಿಟ್ಟುಬಿಡಿ, ಇನ್ನು ದಿನಾ ನಾನೇ ಬ್ಯಾಗು ನೋಡಿ ಕಳಿಸ್ತೀನಿ ಎಂದು ಮಾತು ಕೊಡುತ್ತಿದ್ದರು.

ಕೊಟ್ಟ ಮಾತಿಗೆ ತಪ್ಪುವ ಜಾತಿಯಲ್ಲ ಅವರು. ಈಗ ಪ್ರತಿದಿನ ಬೆಳಿಗ್ಗೆ ನಮ್ಮ ಮನೆಯ ಬಾಗಿಲಲ್ಲಿ ತಪಾಸಣೆ ನಡೆಯುತ್ತದೆ. ಅತ್ತೆ ಕವಳ ಹಾಕಿಕೊಂಡು ಜಗುಲಿಯ ಮೇಲೆ ಕೂರುತ್ತಾರೆ, ಸಿರಿ ನನ್ನ ಬ್ಯಾಗನ್ನು ಬೋರಲು ಹಾಕುತ್ತಾಳೆ, ಗಂಡ ಹೆಗಲ ಮೇಲೆ ಒದ್ದೆ ಟವೆಲ್ಲು ಹಾಕಿಕೊಂಡು ನಿಂತು ನೋಡುತ್ತಾರೆ. ನಮ್ಮ ಮನೆಯಲ್ಲಿ ಎಲ್ಲರೂ ಸೇರಿ ಪಾಲಿಸುವ ನನ್ನ ಮೊದಲ ನಿಯಮ ಇದು. ನಿನ್ನೆ ಒಳಗಿನ ಜಿಪ್ಪಿನಲ್ಲಿ ಒಂದು ಉಗುರು ಕತ್ತರಿ ಸಿಕ್ಕಿತು. ಅದು ಅಲ್ಲಿಗೆ ಹೇಗೆ ಬಂತೆಂದು ವಿವರಿಸಲು ನಾನು ಬಾಯಿ ತೆರೆದೆ. ಅತ್ತೆ ಕೈಯೆತ್ತಿ ತಡೆದರು.

"ಕಾರಣ ಕೇಳದಿಲ್ಲ ಅಂತ ನೀನೇ ಬರ್ದಿದೀಯಲ್ಲೇ" ಎಂದು ಅದನ್ನು ತಮ್ಮ ಸಂಚಿಗೆ ಹಾಕಿಕೊಂಡರು.