ಏಳೂಕಾಲಿಗೆ ಬರುವ ಕಾನೂನು

ಬೆಳಿಗ್ಗೆ ಆರೂವರೆಗೆ ಹಾಲಿನ ಪ್ಯಾಕೆಟ್ಟು, ಏಳಕ್ಕೆ ಪೇಪರು, ಏಳೂಕಾಲಿಗೆ ಭಾರತದ ನ್ಯಾಯಾಂಗ. ನಮ್ಮ ಮನೆಗೆ ಇವು ಬರುವುದು ಇದೇ ಕ್ರಮದಲ್ಲಿ. ಹಾಲು ಕೆಲವೊಮ್ಮೆ ತಪ್ಪುತ್ತದೆ, ಪೇಪರಿಗೆ ಹಬ್ಬದ ಮರುದಿನ ರಜೆ ಉಂಟು. ನಮ್ಮ ನ್ಯಾಯಾಂಗಕ್ಕೆ ಮಾತ್ರ ಬೇಸಿಗೆ ರಜೆಯೂ ಇಲ್ಲ!

ನ್ಯಾಯಾಂಗ ಎಂದರೆ ನನ್ನ ಬಾಪ್ಪು, ನನ್ನ ಅಪ್ಪನ ತಮ್ಮ. ಎಪ್ಪತ್ತೆಂಟು ವಯಸ್ಸು, ಮದುವೆಯಾಗಿಲ್ಲ, ಕದ್ರಿ ಗುಡ್ಡದ ಮೇಲೆ ಒಂದು ಕೋಣೆಯ ಫ್ಲ್ಯಾಟು. ಅದೇ ಇಳಿಜಾರಿನ ಕೆಳಗೆ, ಇನ್ನೊಂದು ಕಟ್ಟಡದ ಎರಡನೇ ಮಹಡಿಯಲ್ಲಿ ನನ್ನ ಮನೆ. ಬಾಪ್ಪು ನಲವತ್ತು ವರ್ಷ ವಕೀಲರೊಬ್ಬರ ಗುಮಾಸ್ತರಾಗಿದ್ದವರು. ಬೇರೆ ಮುದುಕರು ಬೆಳಿಗ್ಗೆ ಸಿಕ್ಕಿದರೆ ಸೆಕೆ, ಮೀನಿನ ರೇಟು, ಮೊಣಕಾಲಿನ ನೋವು ಎಂದು ಮಾತು ತೆಗೆಯುತ್ತಾರೆ. ಇವರು ನಿನ್ನೆ ಯಾವ ಕೋರ್ಟು ಎಂತ ತೀರ್ಪು ಕೊಟ್ಟಿತು ಎಂದೇ ಶುರು ಮಾಡುವುದು. ಬಾಡಿಗೆ ಕಾನೂನು, ಗ್ರಾಹಕರ ಕಾನೂನು, ವಿಚ್ಛೇದನದ ಕಾನೂನು, ಬೀದಿನಾಯಿಯ ಕಾನೂನು, ಯಾವುದಾದರೂ ಆದೀತು. ವಿಚ್ಛೇದನದ ಕಾನೂನು ಇವರಿಗೆ ಯಾಕೆ ಬೇಕು ಎಂದು ಕೇಳಬೇಡಿ. ನಾನು ಕೇಳಿದ್ದೆ. ಅದಕ್ಕೇ ಅರ್ಧ ಗಂಟೆ ಹೋಯಿತು!

ಕೇಳುವವಳು ನಾನೊಬ್ಬಳೇ. ನನ್ನ ಗಂಡ ಬಹರೈನಿನಲ್ಲಿ. ದಿನಕ್ಕೆ ಹತ್ತು ನಿಮಿಷ ಫೋನಿನಲ್ಲಿ ಇರುತ್ತಾರೆ, ಅದರಲ್ಲಿ ನಾಲ್ಕು ನಿಮಿಷ 'ಕೇಳಿಸ್ತದಾ' ಎನ್ನುವುದಕ್ಕೇ ಬೇಕು. ನಮಗೆ ಮಕ್ಕಳಿಲ್ಲ. ಅಪ್ಪ ಹೋಗಿ ಆರು ವರ್ಷವಾಯಿತು. ಹಾಗಾಗಿ ಏಳೂಕಾಲಿನ ಹೊತ್ತಿಗೆ ಇಡೀ ಮಂಗಳೂರಿನಲ್ಲಿ ಪುರುಸೊತ್ತಿರುವ ಪೀಠ ಎಂದರೆ ನನ್ನ ಅಡುಗೆಮನೆಯ ಮಣೆ. ಹಿರಿಯರು ಮಾತಾಡುವಾಗ ಆಕಳಿಸಬಾರದೆಂದು ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದರು. ಆಕಳಿಕೆಯನ್ನು ಸದ್ದಿಲ್ಲದೆ ಮೂಗಿನಿಂದ ಬಿಡುವುದನ್ನು ನಾನಾಗಿಯೇ ಕಲಿತೆ.

ಹಳೆಯ ದಂಡ ಸಂಹಿತೆ ಹೋಗಿ ಹೊಸ ನ್ಯಾಯ ಸಂಹಿತೆ ಬಂತಲ್ಲ, ಆಗ ಬಾಪ್ಪು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಪರಾಧಗಳು ಹೆಚ್ಚುಕಡಿಮೆ ಅವೇ, ನಂಬ್ರಗಳೆಲ್ಲ ಬೇರೆ! ಮುನ್ನೂರ ಎರಡು ಎಂದರೆ ಕೊಲೆ ಎಂದು ಸಣ್ಣ ಮಕ್ಕಳಿಗೂ ಗೊತ್ತಿತ್ತು. ಈಗ ಕೊಲೆ ನೂರ ಮೂರಕ್ಕೆ ಹೋಯಿತು. ಮುನ್ನೂರ ಎರಡರಲ್ಲಿ ಬೇರೆಯವರ ಧರ್ಮದ ಬಗ್ಗೆ ನೋವಾಗುವ ಮಾತಾಡಿದವರು ಬಂದು ಕೂತರು.

"ನನ್ನ ತಲೆಯೊಳಗಿನ ರಸ್ತೆಗಳಿಗೆಲ್ಲ ಹೆಸರು ಬದಲಾಯಿಸಿಬಿಟ್ರು ಬಾಯೆ" ಎಂದರು. ಬಾಯೆ ಎಂದರೆ ಹುಡುಗಿ, ಅದು ನಾನು. "ಇನ್ನು ನಾನು ಎಲ್ಲಿಂದ ಎಲ್ಲಿಗೆ ಹೋಗುವುದು?"

ಮೂರನೆಯ ದಿನ ಹಳೆಯದು ಒಂದು ಕಡೆ, ಹೊಸದು ಒಂದು ಕಡೆ ಬರೆದು ಪಟ್ಟಿ ಮಾಡಿ ಫ್ರಿಜ್ಜಿಗೆ ಅಂಟಿಸಿದರು. ಅವರ ಫ್ರಿಜ್ಜಿಗಲ್ಲ, ನನ್ನದಕ್ಕೆ! ಮೊಸರು ತೆಗೆಯಲು ಹೋದರೆ ಮೊದಲು ದರೋಡೆ, ಸುಲಿಗೆ, ವಂಚನೆಗಳನ್ನು ದಾಟಬೇಕು. ಅದೇ ವಾರ ಪಣಂಬೂರಿಗೆ ಹೋಗುವಾಗ ಆಟೋದವರೊಬ್ಬರು ಮೀಟರ್ ಹಾಕುವುದಿಲ್ಲ ಎಂದರು. ಬಾಪ್ಪು ಬೆರಳೆತ್ತಿ ಗುಡುಗಿದರು: "ನೀನು ಒಬ್ಬ ತ್ರೀ ಎಯ್ಟೀನ್!"

ನಾನೂರ ಇಪ್ಪತ್ತು ಈಗ ಮುನ್ನೂರ ಹದಿನೆಂಟು ಆಗಿದೆ ಎಂದು ಆಟೋದವರಿಗೆ ಎಂತ ಗೊತ್ತು? ಅವರು ಪಾಪ, ಬಹಳ ಮರ್ಯಾದೆಯಿಂದ ಕೇಳಿದರು: "ಅದು ಯಾವ ರೂಟಿನ ಬಸ್ಸು ಅಂಕಲ್?"

ಇನ್ನೊಂದು ದಿನ ನಾನು ಬಂಗುಡೆ ಮೀನು ತೊಳೆದಿಟ್ಟು ಬಾಗಿಲು ತೆರೆಯಲು ಹೋದಾಗ ಪಕ್ಕದ ಮನೆಯ ಬೆಕ್ಕು ಒಂದನ್ನು ಎತ್ತಿಕೊಂಡು ಓಡಿತು. ಬಂದ ಬಾಪ್ಪು ಚಪ್ಪಲಿ ಬಿಡುವ ಮೊದಲೇ ವಿಚಾರಣೆ ಶುರು ಮಾಡಿದರು.

"ಬಂಗುಡೆಗೆ ಐದು ಸಾವಿರಕ್ಕಿಂತ ಕಡಿಮೆ ಅಲ್ವಾ?"

"ಬಂಗುಡೆಗೆ ಐದು ಸಾವಿರ ಎಲ್ಲಿ ಉಂಟು ಬಾಪ್ಪು!"

"ಮೊದಲನೇ ಸಲದ ಅಪರಾಧವಾ?"

"ಸಿಕ್ಕಿಬಿದ್ದದ್ದು ಮೊದಲನೇ ಸಲ."

"ಹಾಗಾದ್ರೆ ಕದ್ದ ಮಾಲು ವಾಪಸು ಕೊಟ್ರೆ ಜೈಲಿಲ್ಲ. ಸಮುದಾಯ ಸೇವೆ ಸಾಕು. ಹೊಸ ಕಾನೂನು!"

ಬೆಕ್ಕು ಮೆಟ್ಟಿಲಿನ ಮೇಲೆ ಬಂಗುಡೆಯ ಬಾಲವನ್ನು ಮಾತ್ರ ವಾಪಸು ಬಿಟ್ಟಿತ್ತು. ಅಂಥ ಸಂದರ್ಭಕ್ಕೆ ತೀರ್ಪು ಇನ್ನೂ ಬಂದಿಲ್ಲವಂತೆ.

ಅಂಗಡಿಯ ಕತೆ ಹೇಳದಿದ್ದರೆ ಆಗುವುದಿಲ್ಲ. ಬಿಲ್ಲಿನ ಹುಡುಗಿ ಬೇರೆಯವರಿಗೆಲ್ಲ ಹೇಳುವ ಹಾಗೆ ಇವರಿಗೂ "ಮೊಬೈಲ್ ನಂಬ್ರ ಹೇಳಿ ಸರ್" ಎಂದಳು. ವೈಯಕ್ತಿಕ ಮಾಹಿತಿ ರಕ್ಷಣೆಗೆ ಕಾನೂನು ಬಂದಿದೆಯಲ್ಲ, ಬಾಪ್ಪು ಕೈಚೀಲ ಕೆಳಗಿಟ್ಟು ನಿಂತೇಬಿಟ್ಟರು. ನಂಬ್ರ ಯಾಕೆ? ಯಾವ ಉದ್ದೇಶಕ್ಕೆ? ನನ್ನ ಒಪ್ಪಿಗೆ ಎಲ್ಲಿ? ಹಿಂದೆ ಸಾಲು ಬೆಳೆಯುತ್ತಾ ಬಾಗಿಲಿನವರೆಗೆ ಹೋಯಿತು. ನಾನು ಸಾಬೂನಿನ ಪೆಟ್ಟಿಗೆಯ ಮೇಲಿದ್ದ ಸಣ್ಣ ಅಕ್ಷರಗಳನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ. ಕೊನೆಗೆ ಮ್ಯಾನೇಜರು ಬಂದು, ಮೊದಲೇ ಇದ್ದ ಅವರ ಹೆಸರು, ನಂಬ್ರ, ಹುಟ್ಟಿದ ತಾರೀಖು ಎಲ್ಲವನ್ನೂ ಕಂಪ್ಯೂಟರಿನಿಂದ ಅವರೆದುರೇ ಅಳಿಸಿದರು. ಬಾಪ್ಪು ಗೆದ್ದ ಕಕ್ಷಿದಾರನ ಹಾಗೆ ಹೊರಗೆ ಬಂದರು.

ಎರಡು ತಿಂಗಳ ನಂತರ ಅವರ ಹುಟ್ಟುಹಬ್ಬ. ಸಂಜೆ ನಾನು ಕೇಕು ತೆಗೆದುಕೊಂಡು ಹೋದಾಗ ಮೊಬೈಲನ್ನು ಕೈಯಲ್ಲಿ ಹಿಡಿದು ಕೂತಿದ್ದರು.

"ಆ ಅಂಗಡಿಯವರು ಪ್ರತಿ ವರ್ಷ ಬೆಳಿಗ್ಗೆ ಒಂಬತ್ತಕ್ಕೇ ವಿಶ್ ಕಳಿಸ್ತಿದ್ರು" ಎಂದರು. "ಈ ಸಲ ಬರ್ಲಿಲ್ಲ."

ನಾನು ನಗಬೇಕೆಂದು ಬಾಯಿ ತೆರೆದವಳು ಕೇಕು ಕತ್ತರಿಸಿದೆ.

ಮೊನ್ನೆ ಬುಧವಾರ ಏಳೂಕಾಲಿಗೆ ಬಂದಾಗ ಅವರ ಕಂಕುಳಲ್ಲಿ ಎಂದಿನ ಪೇಪರಿನ ಕತ್ತರಿಕೆಗಳಿರಲಿಲ್ಲ. ಒಂದೇ ಒಂದು ಹಾಳೆ ಇತ್ತು. ಚಹಾ ಕೊಟ್ಟೆ. ಹಾಳೆಯ ಮೇಲಿನ ಅರ್ಧವನ್ನು ಮಾತ್ರ ನನಗೆ ತೋರಿಸಿ, ಕೆಳಗಿನ ಅರ್ಧದ ಮೇಲೆ ಅಂಗೈ ಇಟ್ಟರು.

"ಇದು ಎಂತ ಬಾಪ್ಪು?"

"ಲಿವಿಂಗ್ ವಿಲ್."

"ವಿಲ್ ಬರೆಯುವಷ್ಟು ಆಸ್ತಿ ನಿಮಗೆಲ್ಲಿ ಉಂಟು?"

"ಆಸ್ತಿಯದ್ದಲ್ಲ ಮಾರಾಯ್ತಿ. ನಾನು ಗುಣ ಆಗದ ಹಾಗೆ ಮಲಗಿದ್ರೆ, ಮಾತಾಡ್ಲಿಕ್ಕೆ ಆಗದಿದ್ರೆ, ಮಿಷನು ಇರ್ಲಿಯಾ ತೆಗೀಲಿಯಾ ಅಂತ ನನ್ನ ಬದಲಿಗೆ ಒಬ್ರು ಡಾಕ್ಟ್ರಿಗೆ ಹೇಳ್ಬೇಕು. ಅವರ ಹೆಸರು ಈಗಲೇ ಬರೆದಿಡುವುದು."

"ನೀವು ಮಾತಾಡದೆ ಮಲಗುವುದಾ? ಅದನ್ನು ಯಾವ ಡಾಕ್ಟ್ರೂ ನಂಬ್ಲಿಕ್ಕಿಲ್ಲ!"

ಅವರು ನಗಲಿಲ್ಲ. ನನಗೆ ಆಸ್ಪತ್ರೆಯ ಉದ್ದದ ಪಡಸಾಲೆ ನೆನಪಾಯಿತು. ಅಪ್ಪ ಒಳಗೆ ಮಿಷನಿನಲ್ಲಿ. ಡಾಕ್ಟರು ನಮ್ಮಿಬ್ಬರನ್ನೂ ಕರೆದು, ಇನ್ನು ಗುಣವಾಗುವ ಆಸೆಯಿಲ್ಲ, ಮುಂದೇನು ಎಂದು ನೀವೇ ಹೇಳಿ ಎಂದರು. ನಾನು ಬಾಪ್ಪುವಿನ ಮುಖ ನೋಡಿದೆ. ಇಷ್ಟೆಲ್ಲ ಕಾನೂನು ಗೊತ್ತಿದ್ದ ಬಾಪ್ಪು ಗೋಡೆಯ ಗಡಿಯಾರ ನೋಡಿದರು. ಹನ್ನೊಂದು ದಿನ ಹಾಗೆಯೇ ಕಳೆಯಿತು. ಕೊನೆಗೆ ಅಪ್ಪನೇ ತೀರ್ಮಾನ ಮಾಡಿಕೊಂಡು ಹೋದರು.

"ಆಗಲೂ ಕಾನೂನು ಇತ್ತು" ಎಂದರು, ನಾನು ಎಂತ ಯೋಚಿಸುತ್ತಿದ್ದೇನೆಂದು ಗೊತ್ತಾದವರ ಹಾಗೆ. "ಆದ್ರೆ ಮ್ಯಾಜಿಸ್ಟ್ರೇಟರ ವರೆಗೆ ಹೋಗ್ಬೇಕಿತ್ತು, ಯಾರೂ ಮಾಡ್ತಿರ್ಲಿಲ್ಲ. ಆಮೇಲೆ ಸುಪ್ರೀಂ ಕೋರ್ಟು ಸುಲಭ ಮಾಡಿತು. ಇಬ್ಬರು ಸಾಕ್ಷಿ, ಒಬ್ಬ ನೋಟರಿ, ಮುಗೀತು. ಪಾದ್ರಿಯವರನ್ನೂ ಕೇಳಿದ್ದೇನೆ. ದೇವರು ಕರೆಯುವಾಗ ಬಾಗಿಲಿನ ಚೌಕಟ್ಟು ಹಿಡ್ಕೊಂಡು ನಿಲ್ಲುವುದು ಬೇಡ ಅಂದ್ರು."

"ಯಾರ ಹೆಸರು ಬರೀತೀರಿ?"

"ಅದನ್ನೇ ಕೇಳ್ಲಿಕ್ಕೆ ಬಂದದ್ದು" ಎಂದರು. ಚಹಾದ ಬಸಿಯನ್ನು ನೋಡಿಕೊಂಡೇ ಹೇಳಿದರು. "ಯಾರದ್ದು ಬರೀಲಿ ಬಾಯೆ?"

ಒಲೆಯ ಮೇಲೆ ಎಣ್ಣೆ ಕಾದಿತ್ತು. ಎಣ್ಣೆಯ ನೆಪ ಸಿಕ್ಕಿದ್ದು ಒಳ್ಳೆಯದಾಯಿತು ಎಂದುಕೊಂಡು ಆ ಕಡೆ ತಿರುಗಿದೆ. ಇನ್ನೊಮ್ಮೆ ಆ ಪಡಸಾಲೆಯಲ್ಲಿ ನಿಲ್ಲುವುದು, ಈ ಸಲ ಒಬ್ಬಳೇ, ನೋಡಲು ಪಕ್ಕದಲ್ಲಿ ಇನ್ನೊಂದು ಮುಖವೂ ಇಲ್ಲದೆ! "ನಾಳೆ ನೋಡುವಾ ಬಾಪ್ಪು" ಎಂದೆ.

"ಆಯ್ತು, ಆಯ್ತು. ಅರ್ಜೆಂಟಿಲ್ಲ."

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಅರ್ಧ ಚಹಾ ಹಾಗೇ ಉಳಿಯಿತು. ಕೆಳಗಿಳಿಯಬೇಕಾದವರು ಲಿಫ್ಟಿನಲ್ಲಿ ಮೇಲಿನ ಗುಂಡಿ ಒತ್ತಿ, ಮೇಲಿನ ಮಹಡಿಗೆ ಹೋಗಿ ವಾಪಸು ನನ್ನೆದುರಿನಿಂದಲೇ ಕೆಳಗಿಳಿದರು. ಇಬ್ಬರೂ ಆ ಹಳೆಯ ಲಿಫ್ಟಿನ ಕಬ್ಬಿಣದ ಸರಳುಗಳ ನಡುವೆ ಒಬ್ಬರಿಗೊಬ್ಬರು ತಲೆಯಾಡಿಸಿದೆವು. ಬೇರೆ ದಿನವಾಗಿದ್ದರೆ ಇದರ ಮೇಲೇ ನಾನೊಂದು ಹಾಸ್ಯದ ಪ್ರಬಂಧ ಬರೆಯುತ್ತಿದ್ದೆ.

ಆ ದಿನವಿಡೀ ಮನೆ ಗುಡಿಸಿದೆ. ಎರಡು ಸಲ ಗುಡಿಸಿದೆ. ಅವರು ಬೇರೆ ಯಾರ ಹೆಸರು ಬರೆದಾರು? ಉಳ್ಳಾಲದ ಸಂಬಂಧಿಕರು ಇವರ ಫೋನೆಂದರೆ ಸ್ನಾನಕ್ಕೆ ಹೋಗಿರುತ್ತಾರೆ. ಸ್ನೇಹಿತರೆಲ್ಲ ಇಗರ್ಜಿಯ ಸಿಮಿತ್ರಿಯಲ್ಲಿ, ಮಣ್ಣಿನಡಿ. ಅವರ ಮೊಬೈಲಿನಲ್ಲಿ ಇರುವ ಹೆಸರುಗಳನ್ನು ನಾನೇ ಹಾಕಿಕೊಟ್ಟದ್ದು: ಗ್ಯಾಸಿನವರು, ಪ್ಲಂಬರು, ನಾನು. ಆಮೇಲೆ, ಬಟ್ಟೆ ಮಡಚುತ್ತಾ ಕೂತಾಗ ಹೊಳೆಯಿತು. ನಾಳೆ ನನಗೂ ಅಂಥ ಒಂದು ಹಾಳೆ ಬೇಕಾದೀತಲ್ಲ! ಸಮುದ್ರದಾಚೆಯ ಗಂಡನ ಹೆಸರು ಬರೆಯಲೇ? ಅವರು ವಿಮಾನ ಹತ್ತಿ ಬರುವ ತನಕ ಡಾಕ್ಟರಿಗೆ 'ಕೇಳಿಸ್ತದಾ' ಎಂದು ಯಾರು ಹೇಳುವುದು? ಹೆಸರಿಲ್ಲದೆ ಖಾಲಿ ಬಿಟ್ಟ ಒಂದು ಗೆರೆ ಎಷ್ಟು ಉದ್ದವಿರುತ್ತದೆಂದು ನನಗೆ ಆಗ ತಿಳಿಯಿತು.

ಸಂಜೆ ಆರಕ್ಕೆ ಇಡ್ಲಿಯಂಥ ಸನ್ನಗಳನ್ನು ಡಬ್ಬಿಗೆ ತುಂಬಿ ಗುಡ್ಡ ಹತ್ತಿದೆ. ನನ್ನ ಹೆಸರೇ ಬರೆಯಿರಿ ಎಂದು ಹೇಳುವುದು ಹೇಗೆಂದು ದಾರಿಯುದ್ದಕ್ಕೂ ನಾಲ್ಕು ವಿಧದಲ್ಲಿ ಅಭ್ಯಾಸ ಮಾಡಿದೆ. ನೋಡಿದರೆ ಅವರ ಬಾಗಿಲಿಗೆ ಬೀಗ.

ಎದುರು ಬಾಗಿಲಿನ ಮೈಮೂನಾ ಪಡಸಾಲೆಯ ಹಗ್ಗದಿಂದ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಬಂದರಿನಲ್ಲಿ ಅವರ ಯಜಮಾನರ ಅಂಗಡಿ.

"ನಿಮ್ಮವರು ಪಾರ್ಕಿಗೆ ಹೋಗಿದ್ದಾರೆ, ಈಗ ಬರ್ತಾರೆ. ಡಬ್ಬಿ ಇಲ್ಲಿಡಿ" ಎಂದರು. "ನೋಟರಿಯ ಹತ್ರ ಸಾಕ್ಷಿಗೆ ಬರ್ಬೇಕು ಅಂತ ನನಗೂ ಹೇಳಿದ್ದಾರೆ. ಓದದೆ ಸಾಕ್ಷಿ ಹಾಕ್ಬಾರ್ದು ಅಂತ ಆ ಫಾರಮ್ಮನ್ನು ನಿನ್ನೆಯೇ ಕೊಟ್ಟು ಪೂರ್ತಿ ಓದಿಸಿದ್ರು, ಒಲೆಯಲ್ಲಿ ನನ್ನ ಸಾರು ಬತ್ತಿತು!"

"ನಿನ್ನೆಯಾ? ಅದರಲ್ಲಿ ಹೆಸರೇ ಬರೆದಿರಲಿಲ್ಲವಲ್ಲ?"

"ಬರೆದಿತ್ತು ಮಾರಾಯ್ರೆ, ನಿಮ್ಮದೇ ಹೆಸರು." ಅವರು ಒಂದು ಕಾಲುಚೀಲಕ್ಕೆ ಅದರ ಜೊತೆಯದ್ದನ್ನು ಹುಡುಕುತ್ತಿದ್ದರು. "ಪಕ್ಕದಲ್ಲಿ ಸಂಬಂಧ ಅಂತ ಒಂದು ಜಾಗ ಉಂಟಲ್ಲ, ಅಲ್ಲಿ ಮಗಳು ಅಂತ ಬರೆದಿದ್ರು. ನಾನು ಇಷ್ಟು ವರ್ಷ ನಿಮ್ಮನ್ನು ಅವರ ಅಣ್ಣನ ಮಗಳು ಅಂತ ತಿಳ್ಕೊಂಡಿದ್ದೆ ನೋಡಿ!"