ಹೆಂಡತಿಯ ಪಾಲಿನ ಸಾವಿರ ಡಾಲರ್

ಹೆಂಡತಿಗೆ ಉಡುಗೊರೆ ಕೊಡಬೇಕೆಂಬ ದುರ್ಬುದ್ಧಿ ನಿಮಗೇನಾದರೂ ಬಂದರೆ ಹೂವು ಕೊಡಿ, ಚಾಕಲೇಟು ಕೊಡಿ, ಬೇಕಿದ್ದರೆ ಒಂದು ನಾಯಿಮರಿ ತಂದುಕೊಡಿ. ತೆರಿಗೆ ಉಳಿಸುವ ಹಣವನ್ನು ಮಾತ್ರ ಕೊಡಬೇಡಿ. ನಾನು ಕೊಟ್ಟೆ. ಕೊಟ್ಟ ಮೇಲೆ ಮನೆಯ ಕರೆಗಂಟೆ ಬಾರಿಸಿದರೆ ಸೋಫಾದ ಹಿಂದೆ ಕೂರುವ ಸ್ಥಿತಿಗೆ ಬಂದೆ.

ನಾನು ಥ್ಯಾಡ್ ಗೋರ್ಜೆಲಾನ್‌ಸ್ಕಿ, ಟೊಲೀಡೊದಲ್ಲಿ ಕೊಳಾಯಿ ಸಾಮಾನಿನ ಗೋದಾಮಿನ ಮೇಲ್ವಿಚಾರಕ. ನಮ್ಮ ಕಂಪನಿಯ ಆರೋಗ್ಯ ವಿಮೆ ಹೇಗಿದೆಯೆಂದರೆ, ಮೊದಲು ನಾವು ನಮ್ಮ ಜೇಬಿನಿಂದ ರಾಶಿ ಹಣ ಸುರಿಯಬೇಕು, ಆಮೇಲೆ ಅದು ನಿಧಾನವಾಗಿ ಕಣ್ಣು ಬಿಡುತ್ತದೆ. ಈ ಪಾಪಕ್ಕೆ ಪರಿಹಾರವೆಂದು ಸರ್ಕಾರ ಆರೋಗ್ಯ ಉಳಿತಾಯ ಖಾತೆ ಎಂಬುದನ್ನು ಕೊಟ್ಟಿದೆ. ಅದರಲ್ಲಿ ಹಾಕಿದ ಹಣಕ್ಕೆ ತೆರಿಗೆಯಿಲ್ಲ, ಆದರೆ ಗಂಡ ಹೆಂಡತಿ ಇಬ್ಬರಿಗೂ ಸೇರಿ ವರ್ಷಕ್ಕೆ ಇಷ್ಟೇ ಎಂಬ ಮಿತಿಯುಂಟು, ಅದನ್ನು ನಾನು ಪ್ರತಿವರ್ಷ ತುಂಬಿಸಿಬಿಡುತ್ತೇನೆ. ಐವತ್ತೈದು ತುಂಬಿದವರು ತಲಾ ಇನ್ನೊಂದು ಸಾವಿರ ಡಾಲರ್ ಹೆಚ್ಚಿಗೆ ಹಾಕಬಹುದು. (ಹಳೆಯ ಗಾಡಿಗೆ ರಿಪೇರಿ ಜಾಸ್ತಿ ಎಂಬುದು ಸರ್ಕಾರಕ್ಕೂ ಗೊತ್ತು.) ಕಳೆದ ವರ್ಷ ನನ್ನ ಹೆಂಡತಿ ಬರ್ನಡೀನ್‌ಗೂ ಐವತ್ತೈದಾಯಿತು. ಡಿಸೆಂಬರಿನಲ್ಲಿ ನನಗೆ ದಿವ್ಯಜ್ಞಾನ ಉಂಟಾಗಿ, ನನ್ನ ಸಾವಿರದ ಜೊತೆಗೆ ಅವಳ ಪಾಲಿನ ಸಾವಿರವನ್ನೂ ನನ್ನ ಖಾತೆಗೇ ಹಾಕಿಬಿಟ್ಟೆ. ಒಂದೇ ಹಾಸಿಗೆ, ಒಂದೇ ಬಚ್ಚಲು, ತೆರಿಗೆಯ ಲೆಕ್ಕವೂ ಇಬ್ಬರದ್ದೂ ಒಂದೇ. ಖಾತೆ ಮಾತ್ರ ಎರಡೇಕೆ?

ಸುಮ್ಮನೆ ಹಾಕಿ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಕ್ರಿಸ್ಮಸ್ ಹಿಂದಿನ ರಾತ್ರಿಯ ಊಟಕ್ಕೆ ನೆಂಟರೆಲ್ಲ ಸೇರಿ ಪಿಯೆರೋಗಿ ಕಡುಬು ಮೆಲ್ಲುತ್ತಿರುವಾಗ ನಾನು ಎದ್ದು ನಿಂತು ಘೋಷಿಸಿದೆ.

"ಬರ್ನಡೀನ್, ನಿನ್ನ ಮಂಡಿಗೋಸ್ಕರ ಸಾವಿರ ಡಾಲರ್ ಎತ್ತಿಟ್ಟಿದ್ದೀನಿ."

"ನನ್ನ ಮಂಡಿಗೇನಾಗಿದೆ?"

"ಈಗೇನೂ ಆಗಿಲ್ಲ. ಮುಂದೆ ಆಗುತ್ತಲ್ಲ."

ಆ ಮಂಡಿಗೆ ಏನೂ ಆಗಿಲ್ಲವೆಂಬುದು ಮೇಜಿನ ಕೆಳಗೆ ನನಗೆ ಬಿದ್ದ ಒದೆಯಿಂದಲೇ ಖಾತ್ರಿಯಾಯಿತು. ಆದರೂ ಒಳಗೊಳಗೆ ಅವಳಿಗೆ ಖುಷಿಯಾಗಿತ್ತು. ಮರುದಿನ ಅವಳ ತಂಗಿಗೆ ಫೋನಿನಲ್ಲಿ, "ನಮ್ಮ ಥ್ಯಾಡ್ ಇಂಥದ್ರಲ್ಲೆಲ್ಲ ಬಹಳ ಚುರುಕು" ಎಂದದ್ದನ್ನು ನಾನೇ ಕೇಳಿದೆ. ಇಷ್ಟು ವರ್ಷದ ಸಂಸಾರದಲ್ಲಿ ಚುರುಕು ಎಂಬ ಪದ ನನ್ನ ಹೆಸರಿನ ಪಕ್ಕ ಕುಳಿತದ್ದು ಅದೇ ಮೊದಲು.

ಫೆಬ್ರವರಿಯಲ್ಲಿ ಗೋದಾಮಿನ ಊಟದ ಕೋಣೆಯಲ್ಲಿ ಇದೇ ಪ್ರತಾಪವನ್ನು ಸಹೋದ್ಯೋಗಿ ಡ್ವೇನ್‌ಗೆ ಹೇಳಿದೆ. ಅವನು ಸೂಪಿನ ಚಮಚ ಕೆಳಗಿಟ್ಟ.

"ಇಬ್ಬರದ್ದೂ ನಿನ್ನ ಖಾತೆಗೇ ಹಾಕಿದ್ಯಾ?"

"ಹೂಂ. ಗಂಡ ಹೆಂಡ್ತಿ ಏನು ಬೇರೆ ಬೇರೆನಾ?"

"ಈ ವಿಷಯದಲ್ಲಿ ಬೇರೆ ಬೇರೆನೇ ಮಾರಾಯ. ಅವಳ ಸಾವಿರ ಅವಳ ಹೆಸರಿನ ಖಾತೆಗೇ ಹೋಗ್ಬೇಕು. ನಿನ್ನ ಖಾತೇಲಿ ಅದು ಮಿತಿ ಮೀರಿದ ಹಣ. ನೂರಕ್ಕೆ ಆರು ದಂಡ. ಈ ವರ್ಷ, ಮುಂದಿನ ವರ್ಷ, ಅದರ ಮುಂದಿನ ವರ್ಷ. ಅದು ಅಲ್ಲಿರೋ ತನಕ ಬಿಡಲ್ಲ."

ನಾನು ಊಟದ ಡಬ್ಬಿಯ ಮುಚ್ಚಳ ಹಾಕಿಬಿಟ್ಟೆ. ಸಾವಿರಕ್ಕೆ ಅರವತ್ತು ಡಾಲರ್ ತಾನೇ, ಇದಕ್ಕೇಕೆ ಇಷ್ಟು ಗೋಳು ಎಂದು ನೀವು ಕೇಳುತ್ತೀರಿ. ಭಯಕ್ಕೆ ಲೆಕ್ಕ ಬರುವುದಿಲ್ಲ ಸ್ವಾಮಿ. ಅರವತ್ತು ಡಾಲರಿನ ಕಳ್ಳನನ್ನು ಹಿಡಿಯಲು ಬರುವವರೂ ಕರಿಯ ಕಾರಿನಲ್ಲೇ ಬರುತ್ತಾರೆ, ಬೀದಿಯವರೆಲ್ಲ ಕಿಟಕಿಯಲ್ಲಿ ನಿಂತು ನೋಡುತ್ತಾರೆ ಎಂಬ ಚಿತ್ರ ಕಣ್ಣಿಗೆ ಕಟ್ಟಿಬಿಟ್ಟಿತು. ಕೈಕೋಳದಲ್ಲಿ ನಾನು, ಬಾಗಿಲಲ್ಲಿ ಬರ್ನಡೀನ್, "ಚುರುಕು" ಎಂಬ ಮಾತು ಕೇಳಿಸಿಕೊಂಡಿದ್ದ ಆ ತಂಗಿ. ಹೆಂಡತಿಗೆ ಹೇಳಿಬಿಡೋಣವೆಂದರೆ ಬಾಯಿ ಬರಲಿಲ್ಲ.

"ಒಂದು ಉಪಾಯ ಇದೆ" ಎಂದ ಡ್ವೇನ್. "ಖರ್ಚು ಮಾಡ್ಬಿಡು. ಡಾಕ್ಟರಿಗೆ ಸುರಿ. ದುಡ್ಡೇ ಇಲ್ಲ ಅಂದ್ಮೇಲೆ ಹೆಚ್ಚಾಗಿದ್ದು ಎಲ್ಲಿರುತ್ತೆ?"

ಉಪಾಯವೇನೋ ಸರಿ, ಆದರೆ ನನ್ನ ದುರದೃಷ್ಟಕ್ಕೆ ನಾನು ಕಲ್ಲುಗುಂಡಿನಂತಿದ್ದೆ. ಕಣ್ಣು ಸರಿ, ಕಿವಿ ಸರಿ, ಗುಂಡಿಗೆ ಸರಿ (ಧೈರ್ಯದ ವಿಚಾರ ಬೇರೆ). ಒಂದು ಸಾವಿರ ನುಂಗುವ ಶಕ್ತಿಯಿದ್ದದ್ದು ಬಾಯಲ್ಲಿ ಮಾತ್ರ. ಎಡಗಡೆಯ ಎರಡು ದವಡೆ ಹಲ್ಲುಗಳು ಬಹುಕಾಲದಿಂದ ಅಸಹಕಾರ ಹೂಡಿದ್ದವು. ಈಗ ನಾನೊಂದು ಸತ್ಯ ಹೇಳಬೇಕು. ಹಲ್ಲಿನ ಡಾಕ್ಟರೆಂದರೆ ನನಗೆ ಸಾವಿಗಿಂತ ಹೆಚ್ಚು ಭಯ. ಆ ಕುರ್ಚಿ ಹಿಂದಕ್ಕೆ ಒರಗುವ ಸದ್ದು ನೆನೆದರೇ ಮೈ ಬೆವರುತ್ತದೆ. ಆದರೆ ತೆರಿಗೆಯವರ ಭಯ ಅದಕ್ಕಿಂತಲೂ ಒಂದು ಗುಲಗಂಜಿ ಜಾಸ್ತಿ ತೂಗಿತು.

ಸ್ಟಾಕ್ ಎಣಿಸಲು ಹೋಗುತ್ತೇನೆಂದು ಹೆಂಡತಿಗೆ ಸುಳ್ಳು ಹೇಳಿ ಶನಿವಾರ ಹೊರಟೆ. ದಂತವೈದ್ಯೆ ನನ್ನ ಬಾಯಿಯೊಳಗೆ ಇಣುಕಿ, "ಇದನ್ನೆಲ್ಲ ಇಷ್ಟು ದಿನ ಹೇಗೆ ಇಟ್ಕೊಂಡಿದ್ರಿ?" ಎಂದಳು.

"ಎಷ್ಟಾಗುತ್ತೆ?"

"ಒಂದನ್ನ ಕೀಳ್ಬೇಕು, ಇನ್ನೊಂದಕ್ಕೆ ರೂಟ್ ಕೆನಾಲ್. ಒಂಬೈನೂರು ಚಿಲ್ಲರೆ ಆಗ್ಬಹುದು."

"ಇನ್ನೂ ಸ್ವಲ್ಪ ಜಾಸ್ತಿ ಮಾಡೋಕಾಗಲ್ವಾ? ನನಗೆ ಪೂರ್ತಿ ಸಾವಿರ ಆಗ್ಬೇಕು."

ಆಕೆ ನನ್ನನ್ನು ನೋಡಿದ ನೋಟ ನಾನು ಮರೆಯಲಾರೆ. ಕೊನೆಗೆ ಹಲ್ಲು ಉಜ್ಜಿ ಶುಚಿ ಮಾಡುವುದನ್ನೂ ಸೇರಿಸಿ ಸಾವಿರ ದಾಟಿಸಿದೆವು. ನಾಲ್ಕು ಬಾರಿ ಹೋಗಬೇಕಾಯಿತು. ಪ್ರತಿ ಸಲವೂ ಕುರ್ಚಿಯ ಕೈಗಳನ್ನು ಅಪ್ಪಿಕೊಂಡು, ಜೈಲಿಗಿಂತ ಇದು ವಾಸಿ, ಜೈಲಿಗಿಂತ ಇದು ವಾಸಿ ಎಂದು ಜಪ ಮಾಡಿದೆ.

ಮುಖ ಊದಿಕೊಂಡಿತು. ಪೈಪ್ ತಗುಲಿತು ಎಂದೆ. ಊಟ ಸೇರಲಿಲ್ಲ. ಹಸಿವಿಲ್ಲ ಎಂದೆ. ಇಷ್ಟಾದರೂ ಧೈರ್ಯ ಬಂತೇ? ಇಲ್ಲ. ಒಂದು ವೇಳೆ ಹಿಡಿದುಕೊಂಡು ಹೋದರೆ ಇವಳ ಗತಿಯೇನು ಎಂಬ ಯೋಚನೆ ಹತ್ತಿತು. ಒಂದು ಸಂಜೆ ಬರ್ನಡೀನ್‌ಳನ್ನು ನೆಲಮಾಳಿಗೆಗೆ ಕರೆದೊಯ್ದು ನೀರು ನಿಲ್ಲಿಸುವ ನಲ್ಲಿ ತೋರಿಸಿದೆ. ಹಿಮ ತೆಗೆಯುವ ಯಂತ್ರವನ್ನು ಚಾಲೂ ಮಾಡುವುದು ಹೇಗೆಂದು ಹೇಳಿಕೊಟ್ಟೆ.

"ಇದೆಲ್ಲ ನನಗ್ಯಾಕೆ? ನೀನಿದ್ದೀಯಲ್ಲ" ಎಂದಳು.

"ಯಾವಾಗ್ಲೂ ಇರ್ತೀನಾ?" ಎಂದೆ. ತೋಳಿನಿಂದ ಕಣ್ಣೊರೆಸಿಕೊಂಡೆ.

ಅಂದಿನಿಂದ ಅವಳು ಬದಲಾದಳು. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಬಿಸಾಡಿದರೆ ಮಾತಿಲ್ಲದೆ ಎತ್ತಿಡುತ್ತಾಳೆ. ನಾನು ಟೀವಿಯ ಸದ್ದು ಏರಿಸಿದರೆ, "ನಿನಗೆ ಹೇಗೆ ಬೇಕೋ ಹಾಗಿಟ್ಕೋ" ಎನ್ನುತ್ತಾಳೆ. ಓದುಗರೇ, ಮದುವೆಯಾದ ಗಂಡಸಿಗೆ ಇದಕ್ಕಿಂತ ಭಯಂಕರವಾದದ್ದು ಲೋಕದಲ್ಲಿಲ್ಲ. ಬೈಯುವ ಹೆಂಡತಿ ಬೈಗುಳ ನಿಲ್ಲಿಸಿದಳೆಂದರೆ ಅವಳಿಗೆ ಎಲ್ಲ ಗೊತ್ತಾಗಿದೆ ಎಂದೇ ಅರ್ಥ.

ಈಸ್ಟರಿಗೆ ಮೊದಲು ಮಾಂಸ ಬಿಡುವ ತಪಸ್ಸು ಕಾಲದ ಒಂದು ಶುಕ್ರವಾರ ನಮ್ಮ ಚರ್ಚಿನ ಹಾಲ್‌ನಲ್ಲಿ ಕರಿದ ಮೀನಿನ ಊಟ. ಒಳಗೆ ಕಾಲಿಟ್ಟರೆ ಮಾತೆಲ್ಲ ಥಟ್ಟನೆ ನಿಂತಿತು. ಮೀನು ಬಡಿಸುತ್ತಿದ್ದ ಹೆಂಗಸು ಕಣ್ಣೊರೆಸಿಕೊಂಡು ಎರಡು ತುಂಡು ಹೆಚ್ಚಿಗೆ ಹಾಕಿದಳು. ಫಾದರ್ ಬಂದು ಹೆಗಲ ಮೇಲೆ ಕೈಯಿಟ್ಟು, "ಥ್ಯಾಡ್, ಹೆದರ್ಬೇಡ, ನಾವೆಲ್ಲ ನಿನ್ನ ಜೊತೆಗಿದ್ದೀವಿ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಫಾದರೇ ಮುಟ್ಟಿ ನೋಡಿದ್ದರು. ಊರಿಗೆಲ್ಲ ಸುದ್ದಿ ಮುಟ್ಟಿದೆ, ಇನ್ನು ಕರಿಯ ಕಾರು ಬರುವುದೊಂದು ಬಾಕಿ ಎಂದುಕೊಂಡು ಮೀನನ್ನು ಮುಟ್ಟದೆ ಎದ್ದೆ.

ಮಾರ್ಚ್ ಕೊನೆಗೆ ಗ್ರಂಥಾಲಯದಲ್ಲಿ ತೆರಿಗೆಯ ಲೆಕ್ಕ ಬರೆದುಕೊಡುವ ಪುಕ್ಕಟೆ ಸೇವೆ. ಬ್ಯಾಂಕಿನಿಂದ ನಿವೃತ್ತಳಾದ ಲೊರೆಟಾ ಎಂಬಾಕೆಯ ಮೇಜಿನ ಮುಂದೆ ನಾವಿಬ್ಬರೂ ಕುಳಿತೆವು. ಆಕೆಯ ಪೆನ್ಸಿಲು ಸರಸರ ಓಡುತ್ತಿತ್ತು. ಆರೋಗ್ಯ ಖಾತೆಯ ಜಾಗಕ್ಕೆ ಬಂದು ನಿಂತಿತು. ಆಮೇಲೆ ಆಕೆ ಪೆನ್ಸಿಲನ್ನು ಮೇಜಿನ ಮೇಲೆ ಮಲಗಿಸಿದಳು.

"ಇದರಲ್ಲಿ ಸಾವಿರ ಡಾಲರ್ ಹೆಚ್ಚಿಗೆ ಹಾಕಿದ್ದೀರಿ."

"ಇಲ್ಲ ಇಲ್ಲ, ಅದು ಮುಗೀತು" ಎಂದೆ. "ಪೂರ್ತಿ ಹಲ್ಲಿಗೆ ಸುರಿದಿದ್ದೀನಿ. ಬೇಕಿದ್ರೆ ನೋಡಿ" ಎಂದು ಬಾಯಿ ತೆರೆದೆ.

"ಬಾಯಿ ಮುಚ್ಚಿ. ಹಲ್ಲಿಗೆ ಮಾಡಿದ್ದು ಆ ಖಾತೆಗೆ ಸರಿಯಾದ ಖರ್ಚೇ. ಆದ್ರೆ ಖರ್ಚು ಮಾಡಿದ್ರೆ ಹೆಚ್ಚಿಗೆ ಹಾಕಿದ ತಪ್ಪು ಅಳಿಸಿ ಹೋಗಲ್ಲ. ಆ ಸಾವಿರ ಲೆಕ್ಕದಲ್ಲಿ ಹಾಗೇ ಇದೆ."

"ಹಲ್ಲು ಹೋಯ್ತು, ಸಾವಿರ ಹಾಗೇ ಇದೆಯಾ?"

"ಹೌದು."

ಅಲ್ಲಿಗೆ ನನ್ನ ಕಟ್ಟೆ ಒಡೆಯಿತು. ಡಿಸೆಂಬರಿನಿಂದ ಹಿಡಿದು ದಂತವೈದ್ಯೆಯವರೆಗೆ ಒಂದೂ ಬಿಡದೆ ಹೇಳಿಬಿಟ್ಟೆ. ಕೊನೆಗೆ, "ಎಷ್ಟು ವರ್ಷ ಹಾಕ್ತಾರೆ ಮೇಡಂ?" ಎಂದು ಕೇಳಿದೆ.

"ಎಲ್ಲಿಗೆ?"

"ಜೈಲಿಗೆ."

ಲೊರೆಟಾ ಕನ್ನಡಕ ತೆಗೆದು ಒರೆಸಿದಳು. "ಏಪ್ರಿಲ್ ಹದಿನೈದರೊಳಗೆ ಖಾತೆಯವರಿಗೆ ಒಂದು ಫೋನ್ ಮಾಡಿ. ಹೆಚ್ಚಿಗೆ ಹಾಕಿದ್ದನ್ನ ವಾಪಸ್ ಕೊಡಿ ಅನ್ನಿ. ಅದರ ಮೇಲೆ ಬಂದಿರೋ ಪುಡಿ ಬಡ್ಡಿ ಸಮೇತ ಕೊಡ್ತಾರೆ. ಆ ದುಡ್ಡಿಗೆ ಎಲ್ಲರ ಹಾಗೆ ತೆರಿಗೆ ಕಟ್ಟಿ. ದಂಡವೂ ಇಲ್ಲ, ಜೈಲೂ ಇಲ್ಲ. ನಿಮ್ಮ ಹಲ್ಲು ಮಾತ್ರ ವಾಪಸ್ ಬರಲ್ಲ."

ಬರ್ನಡೀನ್ ನನ್ನ ಕಡೆ ತಿರುಗಿದಳು. ಮುಖ ಬಿಳಿಚಿತ್ತು.

"ಹಾಗಾದ್ರೆ ನೀನು ಸಾಯ್ತಾ ಇಲ್ವಾ?"

"ನಾನ್ಯಾಕೆ ಸಾಯ್ಲಿ?"

"ಡಾಕ್ಟರ ಬಾಗಿಲು ತುಳಿಯದ ಗಂಡಸು ಕದ್ದು ಕದ್ದು ಆಸ್ಪತ್ರೆಗೆ ಹೋಗ್ತಾನೆ, ಜೇಬಲ್ಲಿ ಆಸ್ಪತ್ರೆ ಕಟ್ಟಡದ ಪಾರ್ಕಿಂಗ್ ಚೀಟಿ ಸಿಗುತ್ತೆ. ಊಟ ಬಿಡ್ತಾನೆ. ನೆಲಮಾಳಿಗೆಗೆ ಕರ್ಕೊಂಡು ಹೋಗಿ ನಲ್ಲಿ ತೋರಿಸಿ, ಯಾವಾಗ್ಲೂ ಇರ್ತೀನಾ ಅಂತ ಅಳ್ತಾನೆ. ನಾನೇನಂದ್ಕೋಬೇಕು?"

"ನಾನು ಜೈಲಲ್ಲಿದ್ದಾಗ ಪೈಪ್ ಒಡೆದ್ರೆ ಅಂತ ತೋರಿಸ್ದೆ ಕಣೇ."

ಅವಳು ಕೈಚೀಲದಿಂದ ನನ್ನ ತೋಳಿಗೆ ಹೊಡೆದಳು. ಆಮೇಲೆ ಅದೇ ತೋಳನ್ನು ಹಿಡಿದುಕೊಂಡು ಅತ್ತಳು. "ಚರ್ಚಲ್ಲಿ ಎಲ್ಲರೂ ನಿನಗೋಸ್ಕರ ಮೇಣದಬತ್ತಿ ಹಚ್ಚಿದ್ದಾರೆ. ಈಗ ಅವರಿಗೆ ಏನಂತ ಹೇಳ್ಲಿ? ಹಲ್ಲು ಕೀಳಿಸ್ಕೊಂಡ ಅಂತ ಹೇಳ್ಲಾ?" ನನಗೂ ನಾಚಿಕೆಯಾಯಿತು, ಜೊತೆಗೆ ಸ್ವಲ್ಪ ಹೆಮ್ಮೆಯೂ ಆಯಿತು. ನನಗಾಗಿ ಇವಳು ಇಷ್ಟು ಹೆದರಿದ್ದಾಳೆಂದು ಯಾರಿಗೆ ಗೊತ್ತಿತ್ತು?

ಹೊರಡಲು ಎದ್ದಾಗ ಅವಳು ಮೂಗೊರೆಸಿಕೊಳ್ಳುತ್ತ ಲೊರೆಟಾಳನ್ನು ಕೇಳಿದಳು. "ನಂದೂ ಒಂದಿದೆ, ಅದನ್ನೂ ಇದರಲ್ಲಿ ಬರೀಬೇಕಾ?"

"ಏನಿದೆ?"

"ಆರೋಗ್ಯ ಖಾತೆ. ಹೋದ ವಾರ ತೆರೆದೆ. ಅಡಿಗೆಮನೆ ನೆಲಕ್ಕೆ ಅಂತ ಕೂಡಿಟ್ಟಿದ್ದ ನಾಲ್ಕು ಸಾವಿರ ಇತ್ತು. ಇವನ ಚಿಕಿತ್ಸೆಗೆ ಆಗ್ಲಿ ಅಂತ ಅದಕ್ಕೆ ಹಾಕ್ದೆ."

ಲೊರೆಟಾಳ ದನಿ ಸಣ್ಣದಾಯಿತು. "ಯಾವ ವರ್ಷದ ಲೆಕ್ಕಕ್ಕೆ ಅಂತ ಹೇಳಿದ್ರಿ?"

"ಅವರೂ ಅದನ್ನೇ ಕೇಳಿದ್ರು. ಕಾಯಿಲೆ ಹೋದ ವರ್ಷವೇ ಶುರುವಾಗಿರ್ಬೇಕು, ಅದಕ್ಕೆ ಹೋದ ವರ್ಷಕ್ಕೆ ಅಂದೆ."

ಪೆನ್ಸಿಲು ಎರಡನೆಯ ಸಲ ಮಲಗಿತು. ಅವಳ ಪಾಲಿಗಿದ್ದದ್ದು ಒಂದು ಸಾವಿರ. ಉಳಿದ ಮೂರು ಸಾವಿರ ಮಿತಿ ಮೀರಿದ್ದು. ನಾನು ಒಂದು ಸಾವಿರದ ಅಪರಾಧಿ, ನನ್ನ ಹೆಂಡತಿ ಮೂರು ಸಾವಿರದವಳು. ಇಂಥ ಅವಕಾಶ ಜನ್ಮಕ್ಕೊಮ್ಮೆ ಸಿಗುವುದು. "ಇಂಥದ್ರಲ್ಲೆಲ್ಲ ಬಹಳ ಚುರುಕು ನೀನು" ಎಂದೆ.

"ಎರಡು ಫೋನ್ ಮಾಡಿ, ಆಮೇಲೆ ಬನ್ನಿ" ಎಂದು ಲೊರೆಟಾ ಕಾಗದಗಳನ್ನು ವಾಪಸು ಕೊಟ್ಟಳು.

ಎಲ್ಲ ಮುಗಿಯಿತೆಂದು ನಾನು ಹಗುರಾಗಿ ಕೋಟು ಹಾಕಿಕೊಳ್ಳುತ್ತಿದ್ದೆ. ಬರ್ನಡೀನ್ ಕೈಚೀಲದಿಂದ ಒಂದು ಚೀಟಿ ತೆಗೆದಳು. "ದುಡ್ಡು ವಾಪಸ್ ತಗೊಳ್ಳೋಣ. ಆದ್ರೆ ಇದನ್ನ ರದ್ದು ಮಾಡಲ್ಲ. ದೊಡ್ಡ ಕರುಳಿನ ತಪಾಸಣೆ, ಹಿಂದಿನಿಂದ ಕ್ಯಾಮೆರಾ ಬಿಟ್ಟು ನೋಡ್ತಾರೆ. ಗುರುವಾರ ಬೆಳಗ್ಗೆ ನಿನಗೆ ಗೊತ್ತು ಮಾಡಿದ್ದೀನಿ."

"ನನಗೇನೂ ಆಗಿಲ್ವಲ್ಲ."

"ಆಗಿಲ್ಲ ಅಂತ ಅವರು ಹೇಳ್ಲಿ. ಈ ತಿಂಗಳು ಪೂರ್ತಿ ನೀನು ಸತ್ತ ಮೇಲೆ ಹೇಗಿರ್ಲಿ ಅಂತ ಯೋಚಿಸಿದ್ದೀನಿ ಥ್ಯಾಡ್. ಇನ್ನೊಂದ್ಸಲ ಯೋಚಿಸೋ ಶಕ್ತಿ ನನಗಿಲ್ಲ."

ಕೊನೆಯ ಆಯುಧ ಹಿಡಿದೆ. "ಸಿಕ್ಕಾಪಟ್ಟೆ ಖರ್ಚಾಗುತ್ತೆ ಕಣೇ. ಖಾತೇಲಿ ಇರೋದೆಲ್ಲ ಅದಕ್ಕೇ ಹೋಗುತ್ತೆ." ಲೊರೆಟಾಳ ಕಡೆ ಆಸೆಯಿಂದ ನೋಡಿದೆ.

"ಅದು ಮುಂಜಾಗ್ರತೆಯ ತಪಾಸಣೆ, ನಿಮ್ಮ ವಯಸ್ಸಿಗೆ ಅದನ್ನ ವಿಮೆಯವರೇ ಮೊದಲಿಂದ್ಲೇ ಪೂರ್ತಿ ಕೊಡ್ತಾರೆ" ಎಂದಳು ಆ ಮಹಾತಾಯಿ. "ನಿಮ್ಮ ಖಾತೆಯಿಂದ ಒಂದು ಸೆಂಟೂ ಹೋಗಲ್ಲ."

ಇವತ್ತು ಬುಧವಾರ. ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲ. ಹೊಟ್ಟೆ ತೊಳೆಯುವ ಔಷಧಿಯ ನೀರು ದೊಡ್ಡ ಜಗ್ಗಿನಲ್ಲಿ ಮೇಜಿನ ಮೇಲಿದೆ, ಅರ್ಧ ಕುಡಿದಿದ್ದೇನೆ. ಉಳಿದರ್ಧ ಕುಡಿಯುವುದನ್ನು ನೋಡಲು ಎದುರಿಗೆ ಬರ್ನಡೀನ್ ಕುಳಿತಿದ್ದಾಳೆ, ಟವೆಲಿನ ವಿಷಯಕ್ಕೆ ಮೊದಲಿನಂತೆಯೇ ಬೈಯುತ್ತಿದ್ದಾಳೆ. ಕೇಳಿ ಸಮಾಧಾನವಾಗುತ್ತಿದೆ. ನಾಳೆಯ ಕ್ಯಾಮೆರಾದ ಬಗ್ಗೆ ನನಗಿರುವ ಅಭಿಪ್ರಾಯವನ್ನು ಸವಿಸ್ತಾರವಾಗಿ ಹೇಳಬೇಕೆಂದಿದ್ದೆ, ಆದರೆ ಔಷಧಿ ಕೆಲಸ ಶುರು ಮಾಡಿದೆ. ನಾನು ಏಳಬೇಕು, ಬೇಗ ಏಳಬೇಕು.